ಗಡಿಯಾರಕ್ಕೆ ಹಿಡಿಸುವುದು ತುಕ್ಕೋ, ಕಿಲುಬೋ, ಮಾಸಲೋ?

ಪ್ರಶ್ನೆ, ಕೊಪ್ಪಳದಿಂದ:

ನಮಸ್ಕಾರ್ರಿ ಎಲ್ಲರಿಗೂ. ಹಳೇ ಮಾದರಿಯ ಡೈವರ್ (ನೀರಲ್ಲಿ ಮುಳುಗುವವರ) ಕೈಗಡಿಯಾರವನ್ನು ಮನೆಯಲ್ಲೇ ಜೋಡಿಸಿ, ಐವತ್ತು ವರ್ಷ ಕೈಮೇಲಿದ್ದುದರ ಹಾಗೆ ಕಾಣಿಸುವುದು ಹೇಗೆ ಎಂಬ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಸ್ಟೀಲ್ ಕೇಸು, ಅಲ್ಯೂಮಿನಿಯಂ ಬೆಜೆಲ್ ಪಟ್ಟಿ (ಗ್ಲಾಸಿನ ಸುತ್ತ ತಿರುಗುವ ಬಳೆಯ ಮೇಲಿನದು), ಅಕ್ರಿಲಿಕ್ ಗ್ಲಾಸು, ಒಳಗೆ ಎನ್‌ಎಚ್ 35 ಎಂಬ ಮಷೀನು (ಮುಳ್ಳು ತಿರುಗಿಸುವ ಯಂತ್ರ). ನಾಲ್ಕು ಪದಗಳ ಹತ್ತಿರ ಬರವಣಿಗೆ ನಿಂತಿದೆ. ‘ಪ್ಯಾಟಿನಾ’ಕ್ಕೆ, ಅಂದರೆ ಕಾಲ ಕಳೆದಂತೆ ವಸ್ತುವಿನ ಮೈಗೆ ಬರುವ ಹಳತಿನ ಕಳೆಗೆ, ‘ತುಕ್ಕು’ ಎಂದು ಬರೆದಿದೆ, ಸರಿಯೇ? ‘ಏಜಿಂಗ್’ಗೆ ‘ಹಳಸಿಸುವುದು’ ಎನ್ನಬಹುದೇ? ‘ರೆಪ್ಲಿಕಾ’ ಅಂದರೆ ‘ನಕಲಿ’ಯೇ? ಕತ್ತಲಲ್ಲಿ ಹೊಳೆಯುವ ಲೇಪಕ್ಕೆ ರಿಪೇರಿಯವರೆಲ್ಲ ‘ರೇಡಿಯಂ’ ಅಂತಾರೆ, ಅದನ್ನೇ ಉಳಿಸಲೇ?

ಉತ್ತರ, ಬಳ್ಳಾರಿಯಿಂದ:

ಸರ್, ಮೊದಲು ‘ತುಕ್ಕು’ ತೆಗೆಯಿರಿ. ಆ ಒಂದು ಪದ ಓದುಗರ ಗಡಿಯಾರವನ್ನೇ ಕೆಡಿಸೀತು. ಕನ್ನಡದಲ್ಲಿ ತುಕ್ಕು ಕಬ್ಬಿಣದ್ದು. ಹಿತ್ತಾಳೆ, ತಾಮ್ರ, ಕಂಚಿಗೆ ಬರುವುದು ಕಿಲುಬು. ಬೆಳ್ಳಿ ಕಪ್ಪಿಡುತ್ತದೆ. ಬಣ್ಣ ಮಾಸುತ್ತದೆ. ಅಂಚು ಸವೆಯುತ್ತದೆ. ಇಂಗ್ಲಿಷಿನವರು ಇದಿಷ್ಟನ್ನೂ ‘ಪ್ಯಾಟಿನಾ’ ಎಂಬ ಒಂದೇ ಚೀಲಕ್ಕೆ ತುಂಬಿದ್ದಾರೆ. ನಮ್ಮ ಮಾತು ಯಾವ ವಸ್ತುವಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತದೆ, ಕೈಪಿಡಿಗೆ ಬೇಕಾದದ್ದೂ ಅದೇ. ಒಂದೇ ಪದ ಹುಡುಕುವುದನ್ನು ಬಿಟ್ಟು, ಒಂದೊಂದು ಭಾಗಕ್ಕೂ ಅದರದೇ ಕ್ರಿಯಾಪದ ಕೊಡಿ.

‘ಕೇಸಿಗೆ ತುಕ್ಕು ಹಿಡಿಸಿ’ ಎಂದು ಓದಿದವರು ಏನು ಮಾಡುತ್ತಾರೆ? ಉಪ್ಪು, ವಿನೆಗರಿನಲ್ಲಿ ನೆನೆಹಾಕುತ್ತಾರೆ. ಕೇಸಿಗೆ ಬಳಸುವ 316ಎಲ್ ಎಂಬ ತುಕ್ಕು ಹಿಡಿಯದ ಸ್ಟೀಲಿನಲ್ಲಿ ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಇರುವುದರಿಂದ ಅದು ಕಬ್ಬಿಣದಂತೆ ಕೆಂಪಾಗುವುದಿಲ್ಲ. ಆದರೆ ಉಪ್ಪಿನ ಕ್ಲೋರೈಡ್ ಬಹಳ ಹೊತ್ತು ನಿಂತರೆ ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ ಕೊರೆಯಬಲ್ಲದು. ಅದೂ ಕಾಣುವ ಕಡೆಯಲ್ಲ. ನೀರು ನಿಲ್ಲುವ ಹಿಂಬದಿ ಮುಚ್ಚಳದ ತಿರುಪಿನಲ್ಲಿ, ಚೈನಿನ ಪಿನ್ನು ಕೂರುವ ತೂತಿನಲ್ಲಿ. ಹಳತಿನ ಕಳೆಯೂ ಬರಲಿಲ್ಲ, ನೀರು ತಡೆಯುವ ಶಕ್ತಿಯೂ ಹೋಯಿತು.

ಸ್ಟೀಲಿಗೆ ಸರಿಯಾದ ಮಾತು ‘ಸವೆಸು’. ಮಷೀನು, ಗ್ಲಾಸು, ಚಾವಿ ಎಲ್ಲ ಹೊರತೆಗೆದು ಬರೀ ಕೇಸನ್ನು ಹಿಡಿದು 400 ನಂಬರಿನ ಎಮರಿ ಪೇಪರಿನಿಂದ ಅಂಚಿನ ಚೂಪು ಮುರಿಯಬೇಕು. ಆಮೇಲೆ ಇನ್ನೂ ನುಣುಪಾದ 800, ಕೊನೆಗೆ 1500. ಎಲ್ಲಿ ಉಜ್ಜಬೇಕು ಎಂಬುದೇ ಮುಖ್ಯ. ಅಂಗಿಯ ತೋಳು, ಮೇಜಿನ ಅಂಚು ತಾಗುವ ಕಡೆಯಲ್ಲೇ ಗಡಿಯಾರ ಸವೆಯುವುದು: ಕೇಸಿನ ಕಾಲುಗಳ (ಚೈನು ಸಿಕ್ಕಿಸುವ ಚಾಚುಗಳ) ಹೊರಮೈ, ಬೆಜೆಲ್ಲಿನ ಹಲ್ಲು, ಚೈನಿನ ಕೊಂಡಿಯ ಅಡಿ. ಕಾಲುಗಳ ಒಳಮೈ ಹಾಗೇ ಇರಬೇಕು. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಗೀರು ಬಿದ್ದಿದ್ದರೆ ಅದು ಪೇಪರಿನ ಕೆಲಸ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಗ್ಲಾಸಿಗೆ ‘ಗೀರು’ ಸಾಕು. ಅಕ್ರಿಲಿಕ್ಕಿಗೆ ಗೀರು ಸುಲಭವಾಗಿ ಬೀಳುತ್ತದೆ, ಹೆಚ್ಚಾದರೆ ಟೂತ್‌ಪೇಸ್ಟ್ ಹಚ್ಚಿ ಹತ್ತಿಬಟ್ಟೆಯಲ್ಲಿ ಉಜ್ಜಿ ತಿಳಿ ಮಾಡಬಹುದು. ಸಫೈರ್ ಗ್ಲಾಸಿನ ಗಟ್ಟಿತನ ಮೋಸ್ ಅಳತೆಯಲ್ಲಿ 9 (ವಜ್ರ 10), ಎಮರಿ ಅದರ ಮೇಲೆ ಬೇಗ ಕಚ್ಚುವುದಿಲ್ಲ.

ಕಂಚಿನ ಕೇಸಾದರೆ ಮಾತ್ರ ‘ಕಿಲುಬು ಹಿಡಿಸು’ ಎನ್ನಿ. ಮೊದಲು ಹುಣಸೆಹುಳಿಯಿಂದ ತಿಕ್ಕಿ ತೊಳೆದು ಒರೆಸಿ, ಬೆರಳಿನ ಜಿಡ್ಡು ತಾಗದಂತೆ ಹಿಡಿಯಬೇಕು. ಜಿಡ್ಡು ತಾಗಿದಲ್ಲಿ ಬೆರಳಚ್ಚು ಅಷ್ಟೇ ಬೇರೆ ಬಣ್ಣವಾಗಿ ಉಳಿಯುತ್ತದೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಬಿಸಿಯಿದ್ದಾಗಲೇ ಕತ್ತರಿಸಿ, ಕೇಸಿಗೆ ತಾಗದಂತೆ ಒಂದೇ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಗಂಧಕದ ಆವಿಗೆ ಮೈ ಕಂದು ತಿರುಗುತ್ತದೆ. ಇದು ಕಿಲುಬಲ್ಲ, ‘ಕಪ್ಪಿಡುವುದು’. ಹಸಿರು ಬೇಕೆಂದರೆ ವಿನೆಗರಿನ ಆವಿ ಮತ್ತು ಚಿಟಿಕೆ ಉಪ್ಪು ಬೇಕು. ಹಸಿರು ಬೆವರಿಗೆ ಕರಗಿ ಮಣಿಕಟ್ಟಿಗೆ ಬಣ್ಣ ಹತ್ತಿಸುತ್ತದೆ. ಕಂಚಿನ ಗಡಿಯಾರಗಳಿಗೆ ಹಿಂಬದಿ ಮುಚ್ಚಳ ಸಾಮಾನ್ಯವಾಗಿ ಸ್ಟೀಲಿನದಿರುವುದು ಇದಕ್ಕೇ.

ಬೆಜೆಲ್ ಪಟ್ಟಿಗೆ ‘ಮಾಸಿಸು’. ಬಳ್ಳಾರಿಯಲ್ಲಿ ಈ ಮಾತು ಹೊಸದಲ್ಲ. ಇಲ್ಲಿ ಜೀನ್ಸ್ ಹೊಲಿದು ಅಲ್ಲಿಗೇ ಬಿಡುವುದಿಲ್ಲ, ವಾಷಿಂಗಿಗೆ ಹಾಕಿ ಹೊಸ ಬಟ್ಟೆಯನ್ನು ಹಳೇದು ಮಾಡುತ್ತಾರೆ. ‘ಫೇಡ್’ ಎಂದರೆ ಎಲ್ಲರಿಗೂ ಗೊತ್ತು. ಬೆಜೆಲ್ಲಿನ ಕೆಲಸವೂ ಅದೇ ಬ್ಲೀಚಿನದು. ಕಪ್ಪು ಆನೊಡೈಸ್ ಮಾಡಿದ (ವಿದ್ಯುತ್ತಿನಿಂದ ಮೇಲೆ ಆಕ್ಸೈಡ್ ಪದರ ಬೆಳೆಸಿದ) ಅಲ್ಯೂಮಿನಿಯಮ್ಮಿನ ಮೇಲ್ಪದರದ ಸಣ್ಣ ರಂಧ್ರಗಳಲ್ಲಿ ಬಣ್ಣ ಕೂತಿರುತ್ತದೆ. ಬ್ಲೀಚ್ ಅದನ್ನು ಮುರಿಯುತ್ತದೆ. ತೆಳು ಬ್ಲೇಡಿನಿಂದ ಪಟ್ಟಿಯನ್ನು ಬಗ್ಗದಂತೆ ಎಬ್ಬಿಸಿ, ಅಂಟು ತೆಗೆದು, ಪಾತ್ರೆ ಸೋಪಿನಿಂದ ತೊಳೆಯಿರಿ. ಮನೆ ಬಳಕೆಯ ಬ್ಲೀಚಿಗೆ ಅಷ್ಟೇ ನೀರು ಬೆರೆಸಿ 30 ಸೆಕೆಂಡು ಅದ್ದಿ, ತೆಗೆದು, ತೊಳೆದು, ಬೆಳಕಿಗೆ ಹಿಡಿದು ನೋಡಿ. ಸಾಲದಿದ್ದರೆ ಮತ್ತೆ 30 ಸೆಕೆಂಡು. ಬೇಕಾದ ಬೂದಿಗಿಂತ ಸ್ವಲ್ಪ ಮೊದಲೇ ನಿಲ್ಲಿಸಬೇಕು. ಬ್ಲೀಚ್ ಕ್ಷಾರ, ಹೆಚ್ಚು ಹೊತ್ತು ಬಿಟ್ಟರೆ ಬಣ್ಣದ ಜೊತೆಗೆ ಪದರವನ್ನೂ ತಿಂದು ಸುಣ್ಣ ಬಳಿದಂತೆ ಬೆಳ್ಳಗೆ ಮಾಡುತ್ತದೆ. ಬಣ್ಣ ಕದಲದಿದ್ದರೆ ಆ ಪಟ್ಟಿ ಆನೊಡೈಸ್ ಅಲ್ಲ, ಮೇಲೆ ಪೇಂಟ್ ಮಾಡಿದ್ದು ಇರಬಹುದು. ಒಂದು ಎಚ್ಚರಿಕೆ ದಪ್ಪಕ್ಷರದಲ್ಲಿ ಹಾಕಿ: ಕೇಸಿಗೆ ಬಳಸಿದ ವಿನೆಗರ್ ಈ ಬ್ಲೀಚಿಗೆ ಬೀಳಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡು ಕೆಲಸ ಒಂದೇ ದಿನ ಬೇಡ.

ಈಗ ‘ರೇಡಿಯಂ’. ನಮ್ಮ ಕಡೆ ಬೈಕಿಗೆ ಅಂಟಿಸುವ ಮಿಂಚುಪಟ್ಟಿಯೂ ರೇಡಿಯಂ, ಗೋಡೆ ಗಡಿಯಾರದ ಹಸಿರೂ ರೇಡಿಯಂ. ಮಾತಿನಲ್ಲಿ ಇರಲಿ, ಕೈಪಿಡಿಯಲ್ಲಿ ಬೇಡವೇ ಬೇಡ. ನಿಜವಾದ ರೇಡಿಯಂ ಹಚ್ಚಿದ ಹಳೇ ಡಯಲ್ಲುಗಳು ಇನ್ನೂ ಕೈಗೆ ಸಿಗುತ್ತವೆ; ಅದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಹೊಳಪು ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ‘ರೇಡಿಯಂ ಕೆರೆದು ತೆಗೆಯಿರಿ’ ಎಂದು ಓದಿದವರು ಅಂಥ ಡಯಲ್ಲನ್ನು ಕೆರೆದು ಪುಡಿ ಉಸಿರಾಡಿದರೆ ಗತಿ ಏನು? ‘ಹೊಳೆಯುವ ಲೇಪ’ ಎಂದೇ ಬರೆಯಿರಿ.

ರೇಡಿಯಮ್ಮಿನ ಬದಲಿಗೆ ಆಮೇಲೆ ಬಂದ, ಅದೂ ವಿಕಿರಣ ಸೂಸುವ ಟ್ರಿಟಿಯಮ್ಮಿನ ಅರ್ಧಾಯು 12.3 ವರ್ಷ. ಅದರ ಜೊತೆಗಿದ್ದು ಬೆಳಕು ಕೊಡುವ ಸತುವಿನ ಸಲ್ಫೈಡ್ ಸವೆದು, ಲೇಪ ಕೆನೆ ಬಣ್ಣಕ್ಕೆ ಬರುತ್ತದೆ; ಜನ ಬಯಸುವುದು ಆ ಕೆನೆಯನ್ನೇ. 1990ರ ದಶಕದಲ್ಲಿ ಬಂದ ಸ್ಟ್ರಾನ್ಷಿಯಂ ಅಲ್ಯೂಮಿನೇಟಿನ ಲೇಪ ಹಾಗೆ ತಾನಾಗಿ ಕೆನೆಗಟ್ಟುವುದಿಲ್ಲ, ಬಣ್ಣ ಕೊಡಬೇಕು. ಹಲವರು ಕಾಫಿ ಡಿಕಾಕ್ಷನ್ ಹಚ್ಚುತ್ತಾರೆ. ಅದು ಬೇಡ ಎನ್ನುವುದಕ್ಕೆ ಎರಡು ಕಾರಣ: ನೀರು ತಾಗಿದರೆ ಈ ಲೇಪದ ಹೊಳಪು ಸಾಯುತ್ತದೆ, ಮತ್ತು ಡಯಲ್ಲಿನಲ್ಲಿ ಉಳಿದ ತೇವ ಗ್ಲಾಸಿನ ಒಳಗೆ ಮಂಜುಗಟ್ಟುತ್ತದೆ. ಮ್ಯಾಟ್ ವಾರ್ನಿಷಿನ ಒಂದು ಹನಿಗೆ ಹಳದಿ ಓಕರ್ ಪುಡಿ ಸೂಜಿತುದಿಯಷ್ಟು, ಕಂದು ಅಂಬರ್ (ಎರಡೂ ಮಣ್ಣಿನ ಬಣ್ಣಗಳು) ಅದರ ಅರ್ಧ ಸೇರಿಸಿ, 000 ಕುಂಚದಿಂದ ತೆಳ್ಳಗೆ ಎರಡು ಕೈ. ಮುಳ್ಳುಗಳಿಗೂ ಅದೇ ಬಟ್ಟಲಿನ ಬಣ್ಣವೇ ಆಗಬೇಕು.

‘ಹಳಸಿಸು’ ಆಗದು ಸರ್. ಹಳಸುವುದು ಅನ್ನ, ಸಾರು. ‘ಹಳೇದು ಮಾಡುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಶೀರ್ಷಿಕೆಗೆ ‘ಹಳತಾಗಿಸುವುದು’ ಇರಲಿ.

‘ನಕಲು’, ‘ನಕಲಿ’ ಒಂದೇ ಅಲ್ಲ. ಪಹಣಿಯ ನಕಲು ತಹಸೀಲಿನಲ್ಲೇ ಕೊಡುತ್ತಾರೆ, ಅದರಲ್ಲಿ ಮೋಸವಿಲ್ಲ. ‘ನಕಲಿ’ ಎಂದಾಗ ಮೋಸ ಬಂತು, ‘ಖೋಟಾ’ ಎಂದಾಗ ಅಪರಾಧವೇ ಬಂತು. ಹಳೆಯ ಆಕಾರ ಹೋಲುವ, ಬೇರೆಯವರ ಹೆಸರಿಲ್ಲದ ಗಡಿಯಾರಕ್ಕೆ ‘ಮಾದರಿ’ ಅಥವಾ ‘ಪ್ರತಿಕೃತಿ’ ಎನ್ನಿ. ಡಯಲ್ಲಿನ ಮೇಲೆ ದೊಡ್ಡ ಕಂಪನಿಯ ಹೆಸರು ಅಚ್ಚು ಹಾಕಿದ್ದರೆ ಅದು ಖೋಟಾ; ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಶಿಕ್ಷೆಯಿದೆ. ಹಳತಾಗಿಸಿದ್ದನ್ನು ‘ಹಳೇದು’ ಎಂದು ಮಾರುವುದೂ ಮೋಸವೇ. ಕೈಪಿಡಿಯಲ್ಲಿ ‘ಹಳತಾಗಿಸಿದ’, ‘ಹಳೆಯ’ ಎರಡನ್ನೂ ಎಲ್ಲೂ ಅದಲುಬದಲು ಮಾಡಬೇಡಿ.

ಇನ್ನೊಂದು ಮಾತು, ರಾಯಚೂರಿನಿಂದ:

ಬಳ್ಳಾರಿ ಸರ್ ಹೇಳಿದ್ದು ಖರೇ ಅದ. ಕೂಡಿಸುವುದು ಸ್ವಲ್ಪ. ನಮ್ಮ ಕಡೆ ತುಕ್ಕಿಗೆ ‘ಜಂಗು’ ಅಂತಾರ, ಉರ್ದುವಿನಿಂದ ಬಂದದ್ದು. ಜಂಗೂ ಕಬ್ಬಿಣಕ್ಕೇ, ಹಿತ್ತಾಳಿ ತಂಬಿಗೆಗೆ ಜಂಗು ಹಿಡೀತು ಅಂತ ಯಾರೂ ಅನ್ನಂಗಿಲ್ಲ.

ಮುಳ್ಳಿನ ಬಗ್ಗೆ ಕೈಪಿಡಿಯಲ್ಲಿ ಅಳತೆ ಕೊಡ್ರಿ. ಎನ್‌ಎಚ್ 35ಕ್ಕೆ ತಾಸಿನ ಮುಳ್ಳಿನ ತೂತು 1.50 ಮಿ.ಮೀ., ನಿಮಿಷದ್ದು 0.90, ಸೆಕೆಂಡಿನದು 0.20. ಇಟಿಎ 2824 ಎಂಬ ಇನ್ನೊಂದು ಮಷೀನಿನ ಮುಳ್ಳು ತಂದರೆ ಮೊದಲೆರಡು ಕೂಡ್ತಾವ, ಸೆಕೆಂಡಿನದು 0.25 ಇರೋದರಿಂದ ಸಡಿಲಾಗಿ ಬಿದ್ದುಹೋಗ್ತದ. ಮುಳ್ಳು ಎಬ್ಬಿಸುವ ಮುಂಚೆ ಡಯಲ್ಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಸಬೇಕು. ತಿರುಗಿ ಕೂಡಿಸುವಾಗ ಚಾವಿ ತಿರುವುತ್ತಾ ತಾರೀಖು ಬದಲಾಗುವ ಕ್ಷಣಕ್ಕೆ ನಿಲ್ಲಿಸಿ, ತಾಸು, ನಿಮಿಷ ಎರಡನ್ನೂ 12ಕ್ಕೆ ಒತ್ತಬೇಕು. ಇದನ್ನ ಬಿಟ್ಟರೆ ತಾರೀಖು ಮಧ್ಯಾಹ್ನವೋ ಸಂಜೆಯೋ ಬದಲಾಗ್ತದ. ಇಲ್ಲಿ ‘ಮುಳ್ಳು ಜೋಡಿಸಿ’ ಅನ್ನಬ್ಯಾಡ್ರಿ, ‘ಒತ್ತಿ ಕೂಡಿಸಿ’ ಅನ್ರಿ. ಜೋಡಿಸಿ ಅಂದರೆ ಅಂಟು ಹಚ್ಚೋರೂ ಇದ್ದಾರ.

ಮುಚ್ಚಳದ ರಬ್ಬರ್ ಬಳೆಗೆ ಇಲ್ಲೆಲ್ಲ ‘ವಾಷರ್’ ಅಂತಾರ, ಅದನ್ನೇ ಇಡ್ರಿ. ಬ್ಲೀಚು, ವಾರ್ನಿಷಿನ ಕೆಲಸ ಮುಗಿಯೋತನಕ ಹಳೇ ವಾಷರ್ ಇರಲಿ. ಕಡೆಗೆ ಹೊಸದಕ್ಕೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಬೇಕು.