ಚಿತ್ರಗುಪ್ತನಿಗೆ ಬಿಡುವಿಲ್ಲ

"ಹಾಗಾದರೆ ನನ್ನ ಕಣ್ಣೀರನ್ನು ವಾಪಸು ಕೊಡಿಸು" ಎಂದ ನಾಣಿ.

"ಯಾವ ಕಣ್ಣೀರು?" ಎಂದ ಸೀನು.

"2019ರ ಮಾರ್ವೆಲ್ ಸಿನಿಮಾದಲ್ಲಿ ನಾಯಕ ಟೋನಿ ಸ್ಟಾರ್ಕ್ ಸತ್ತಾಗ ಸುರಿಸಿದ್ದು. ನಿನ್ನ ಪಕ್ಕದಲ್ಲೇ ಕುಳಿತು ಸುರಿಸಿದೆ. ನೀನು ಕೊಟ್ಟ ಕರವಸ್ತ್ರದಲ್ಲಿ ಪಾಪ್‌ಕಾರ್ನಿನ ಉಪ್ಪು ಇತ್ತು, ಅದರಿಂದ ಇನ್ನೂ ನಾಲ್ಕು ಹನಿ ಹೆಚ್ಚೇ ಬಂತು. ಈಗ ನೋಡಿದರೆ ಆ ಪಾತ್ರ ಮಾಡಿದ ಅದೇ ರಾಬರ್ಟ್ ಡೌನಿ ಜೂನಿಯರ್, ಅದೇ ಮಾರ್ವೆಲ್, ಡಾಕ್ಟರ್ ಡೂಮ್ ಎಂಬ ಹೊಸ ಹೆಸರು. 2024ರ ಜುಲೈನಲ್ಲಿ ಸ್ಯಾನ್ ಡಿಯಾಗೋದ ವೇದಿಕೆಯ ಮೇಲೆ ಮುಖವಾಡ ಕಳಚಿ ತೋರಿಸಿದ, ಜನ ಕಿರುಚಿದರು."

"ಅದು ಬೇರೆ ಪಾತ್ರ ಕಣೋ. ಮುಖ ಮಾತ್ರ ಅದೇ."

"ಮುಖ ಅದೇ, ಸಂಭಾವನೆಯ ಚೆಕ್ಕು ಬೇರೆ. ನಾನು ಅತ್ತಿದ್ದು ಆ ಮುಖಕ್ಕೇ ತಾನೇ? ಆಧಾರ್ ಸಂಖ್ಯೆ ನೋಡಿ ಯಾರಾದರೂ ಅಳುತ್ತಾರೆಯೇ?"

ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಮುಳುಗಿದ್ದ ರಾಘಣ್ಣ ಕನ್ನಡಕ ಮೇಲಕ್ಕೇರಿಸಿದರು. "ಯಾರಯ್ಯ ಸತ್ತದ್ದು?"

"ಯಾರೂ ಸಾಯುತ್ತಿಲ್ಲ ರಾಘಣ್ಣ. ಅದೇ ನನ್ನ ತಕರಾರು."

"ಸಾಯದಿದ್ದರೆ ಒಳ್ಳೆಯದಲ್ಲವೇ?"

"ನಿಮಗೆ ಒಳ್ಳೆಯದು, ನನಗೆ ಒಳ್ಳೆಯದು. ಕಥೆಗೆ ಒಳ್ಳೆಯದಲ್ಲ. ಈ ಸಿನಿಮಾದವರ ಕಾಟಕ್ಕೆ ಚಿತ್ರಗುಪ್ತ ರಜೆ ಹಾಕದೆ ಕೆಲಸ ಮಾಡುತ್ತಿದ್ದಾನೆ. ಒಂದು ಹೆಸರನ್ನು ಜಮಾ ಮಾಡಿ ಷರಾ ಬರೆಯುವಷ್ಟರಲ್ಲಿ ಅದು ಖರ್ಚಾಗಿ ಹೊರಟಿರುತ್ತದೆ. ಅದೇ ಮಾರ್ವೆಲ್‌ನಲ್ಲಿ ಲೋಕಿ ಎಂಬುವನೊಬ್ಬನಿದ್ದಾನೆ, ಥಾರ್‌ನ ತಮ್ಮ. 2011ರಲ್ಲಿ ಸೇತುವೆಯಿಂದ ಪಾತಾಳಕ್ಕೆ ಬಿದ್ದ, ಸತ್ತ ಎಂದುಕೊಂಡೆವು. ಬಂದ. 2013ರಲ್ಲಿ ಎದೆಗೆ ತಿವಿಸಿಕೊಂಡು ಅಣ್ಣನ ತೋಳಿನಲ್ಲಿ ಪ್ರಾಣಬಿಟ್ಟ. ಬಂದ. 2018ರಲ್ಲಿ ಥಾನೋಸ್ ಎಂಬ ಖಳ ಅವನ ಕುತ್ತಿಗೆ ಹಿಡಿದು ಹಿಸುಕಿ, ಈ ಸಲ ಪುನರ್ಜನ್ಮವಿಲ್ಲ ಎಂದು ಬಾಯಿಬಿಟ್ಟು ಹೇಳಿದ. ನೋಡಿ, ಕೊಲ್ಲುವವನಿಗೇ ನಂಬಿಕೆ ಇಲ್ಲ! ಜನರಿಗೆ ಮಾತು ಕೊಟ್ಟು ಕೊಲ್ಲಬೇಕಾಯಿತು."

"ಕೊಟ್ಟ ಮಾತು ಉಳಿಸಿಕೊಂಡನೇ?"

"2021ರಲ್ಲಿ ಲೋಕಿಯ ಹೆಸರಿನಲ್ಲೇ ಧಾರಾವಾಹಿ ಬಂತು. ಅದರ ಮೊದಲ ಕಂತಿನಲ್ಲಿ ಅವನು ಕುರ್ಚಿಯಲ್ಲಿ ಕುಳಿತು ತನ್ನ ಸಾವಿನ ದೃಶ್ಯವನ್ನು ತಾನೇ ಪರದೆಯ ಮೇಲೆ ನೋಡುತ್ತಾನೆ."

"ಅವನು ಬೇರೆ ಕಾಲರೇಖೆಯ ಲೋಕಿ" ಎಂದು ಸೀನು ಮುಂದಕ್ಕೆ ಬಾಗಿದ. "2012ರಲ್ಲಿ ತಪ್ಪಿಸಿಕೊಂಡವನು. ಇದಕ್ಕೆ ಬಹುವಿಶ್ವ ಎನ್ನುತ್ತಾರೆ. ಅನಂತ ಲೋಕಗಳು, ಪ್ರತಿಯೊಂದರಲ್ಲೂ ನಮ್ಮದೇ ಒಂದೊಂದು ಪ್ರತಿ."

"ನಮ್ಮಲ್ಲೂ 14 ಲೋಕಗಳಿವೆಯಪ್ಪ" ಎಂದರು ರಾಘಣ್ಣ. "ಆದರೆ ಒಂದೊಂದಕ್ಕೂ ಬೇರೆ ಬೇರೆ ಜನ. ಎಲ್ಲ ಲೋಕದಲ್ಲೂ ಇದೇ ರಾಘವೇಂದ್ರರಾವ್ ಇದ್ದರೆ ಪಡಿತರ ಚೀಟಿ ಯಾವ ಲೋಕದಲ್ಲಿ ಮಾಡಿಸುವುದು?"

ವಿಮಲಕ್ಕ ಒಗ್ಗರಣೆ ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟು, ತಾವೂ ಒಂದು ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕುಳಿತರು. "ನಾಣಿ, ನಿನ್ನದು ಅತಿಯಾಯಿತು. ಸತ್ತವರು ಬದುಕಿ ಬರುವುದು ಹಾಲಿವುಡ್ಡಿನವರು ಕಂಡುಹಿಡಿದದ್ದೇ? ಸತ್ಯವಾನ ಬರಲಿಲ್ಲವೇ?"

"ಬಂದ ವಿಮಲಕ್ಕ. ಆದರೆ ಸಾವಿತ್ರಿ ಯಮನ ಹಿಂದೆ ಎಷ್ಟು ದೂರ ನಡೆದಳು, ಎಷ್ಟು ವಾದ ಮಾಡಿದಳು! ಪುಕ್ಕಟೆ ಬರಲಿಲ್ಲ. ಕಚನ ಕಥೆಯಲ್ಲಂತೂ ಬೆಲೆ ಸಲದಿಂದ ಸಲಕ್ಕೆ ಏರುತ್ತದೆ. ರಾಘಣ್ಣ, ನೀವು ಹೇಳಿ."

ರಾಘಣ್ಣನಿಗೆ ಇಷ್ಟೇ ಬೇಕಿತ್ತು. ಬಾಯಲ್ಲಿದ್ದ ಕಡಲೆಕಾಯಿಯನ್ನು ನಿಧಾನವಾಗಿ ನುಂಗಿ ಶುರುಮಾಡಿದರು. "ಮೊದಲ ಸಲ ಅಸುರರು ಕಚನನ್ನು ತುಂಡು ಮಾಡಿ ತೋಳಗಳಿಗೆ ಹಾಕಿದರು. ಶುಕ್ರಾಚಾರ್ಯರು ಮಂತ್ರ ಹೇಳಿ ಕರೆದರು, ತೋಳಗಳ ಹೊಟ್ಟೆ ಸೀಳಿಕೊಂಡು ಬಂದ. ಎರಡನೆಯ ಸಲ ಅರೆದು ಸಮುದ್ರಕ್ಕೆ ಬೆರೆಸಿದರು. ಮತ್ತೆ ಬಂದ. ಮೂರನೆಯ ಸಲ ಸುಟ್ಟು ಬೂದಿ ಮಾಡಿ, ಮದ್ಯದಲ್ಲಿ ಕಲಸಿ, ಶುಕ್ರಾಚಾರ್ಯರಿಗೇ ಕುಡಿಸಿಬಿಟ್ಟರು. ಈಗ ಕರೆದರೆ ಗುರುವಿನ ಹೊಟ್ಟೆ ಒಡೆಯಬೇಕು. ಕೊನೆಗೆ ಹೊಟ್ಟೆಯೊಳಗಿನ ಶಿಷ್ಯನಿಗೇ ಸಂಜೀವಿನಿ ಮಂತ್ರ ಕಲಿಸಿ, ಅವನನ್ನು ಹೊರಗೆ ಬಿಟ್ಟು ತಾವು ಸತ್ತು, ಆಮೇಲೆ ಅವನಿಂದ ಬದುಕಿಸಿಕೊಂಡರು. ಅಸುರರ ಗುಟ್ಟು ದೇವತೆಗಳ ಪಾಲಾಯಿತು. ಅದರ ಮೇಲೆ ದೇವಯಾನಿ ಕೊಟ್ಟ ಶಾಪ, ಕಚ ಕೊಟ್ಟ ಪ್ರತಿಶಾಪ, ಬ್ರಾಹ್ಮಣರಿಗೆ ಮದ್ಯ ನಿಷೇಧ..."

"ನೋಡಿದೆಯಾ ಸೀನು? ಒಬ್ಬ ಬದುಕಿ ಬಂದದ್ದಕ್ಕೆ ಇಷ್ಟು ವೋಚರು! ನಮ್ಮವರು ಲೆಕ್ಕ ಇಟ್ಟಿದ್ದಾರೆ."

"ಹಾಗಾದರೆ ಸ್ಪಾಕ್?" ಎಂದ ಸೀನು, ಸಿಕ್ಕಿಬಿದ್ದೆ ಎಂಬ ಧಾಟಿಯಲ್ಲಿ. "ನಿನ್ನ ಆರಾಧ್ಯದೈವ. ಅವನೂ ಸತ್ತು ಬಂದವನೇ."

ನಾಣಿ ತಟ್ಟೆ ಕೆಳಗಿಟ್ಟ. "ಸ್ಪಾಕ್ ವಿಷಯ ಎತ್ತಬೇಡ, ಎತ್ತಿದರೆ ಪೂರ್ತಿ ಕೇಳು. 1982ರ ಸ್ಟಾರ್ ಟ್ರೆಕ್ ಚಿತ್ರ. ಹಡಗು ಸ್ಫೋಟದಿಂದ ಪಾರಾಗಬೇಕಾದರೆ ಯಾರಾದರೂ ವಿಕಿರಣ ತುಂಬಿದ ಇಂಜಿನ್ ಕೋಣೆಯೊಳಗೆ ಹೋಗಬೇಕು. ಸ್ಪಾಕ್ ಹೋಗುತ್ತಾನೆ. ಕ್ಯಾಪ್ಟನ್ ಕರ್ಕ್ ಓಡಿ ಬರುವಷ್ಟರಲ್ಲಿ ನಡುವೆ ಗಾಜಿನ ಗೋಡೆ. ಸ್ಪಾಕನ ಮುಖ ಸುಟ್ಟಿದೆ, ಕಣ್ಣು ಕಾಣಿಸುತ್ತಿಲ್ಲ. ಆದರೂ ಗೆಳೆಯ ಬಂದನೆಂದು ತಿಳಿದು ಎದ್ದು ನಿಂತು ಮೊದಲು ಏನು ಮಾಡುತ್ತಾನೆ ಗೊತ್ತೇ? ಕೋಟಿನ ಅಂಚು ಹಿಡಿದು ಕೆಳಕ್ಕೆಳೆದು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ನಡೆದು ಬಂದು ಗಾಜಿಗೆ ಡಿಕ್ಕಿ ಹೊಡೆಯುತ್ತಾನೆ, ಅಲ್ಲಿ ಗಾಜಿದೆ ಎಂದು ಕಾಣಿಸಿದರಲ್ಲವೇ!"

ಒಂದು ಗಳಿಗೆ ಯಾರೂ ಅವಲಕ್ಕಿ ಅಗಿಯಲಿಲ್ಲ.

"ಸರಿ, ಆದರೂ ಬಂದ" ಎಂದ ಸೀನು.

"ಬಂದ, 1984ರಲ್ಲಿ. ಅವನನ್ನು ಕರೆತರಲು ಕರ್ಕ್ ತನ್ನದೇ ಹಡಗನ್ನು ಕದ್ದು ಓಡಿದ, ಕೆಲಸ ಪಣಕ್ಕಿಟ್ಟ. ಮಗನನ್ನು ಕಳೆದುಕೊಂಡ. ಕೊನೆಗೆ ಆ ಎಂಟರ್‌ಪ್ರೈಸ್ ಹಡಗನ್ನೂ ತಾನೇ ಸ್ಫೋಟಿಸಿದ. ಒಬ್ಬ ಗೆಳೆಯನ ಪ್ರಾಣಕ್ಕೆ ಒಬ್ಬ ಮಗ, ಒಂದು ಹಡಗು. ಚಿತ್ರಗುಪ್ತ ರಸೀದಿ ಹರಿದು ಕೊಟ್ಟು, ಹೋಗಿ ಬನ್ನಿ ಎಂದು ಕಳಿಸಿದ. ನನಗೇನೂ ಆಕ್ಷೇಪವಿಲ್ಲ."

"ಲಾರ್ಡ್ ಆಫ್ ದ ರಿಂಗ್ಸ್‌ನ ಮಾಂತ್ರಿಕ ಗ್ಯಾಂಡಾಲ್ಫ್?"

"ಅವನದು ಇಲಾಖಾ ವಿಷಯ. ಬಾಲ್‌ರಾಗ್ ಎಂಬ ರಾಕ್ಷಸನ ಜೊತೆ ಹೊಡೆದಾಡಿ ಕರ್ತವ್ಯದ ಮೇಲೆ ಸತ್ತ, ಮೇಲಿನವರೇ ವಾಪಸು ಕಳಿಸಿದರು. ಬೂದು ನಿಲುವಂಗಿಯಲ್ಲಿ ಹೋದವನು ಬಿಳಿ ನಿಲುವಂಗಿಯಲ್ಲಿ ಬಂದ."

"ಬಡ್ತಿಯೊಂದಿಗೆ ಮರುನೇಮಕ" ಎಂದು ರಾಘಣ್ಣ ತಲೆದೂಗಿದರು. ಖಜಾನೆ ಇಲಾಖೆಯಲ್ಲಿ ಸವೆದ ಜೀವ. "ನಿಯಮದಲ್ಲಿ ಅವಕಾಶವಿದೆ."

"ನಿಯಮವಿಲ್ಲದವನು ಯಾರು ಗೊತ್ತೇ ರಾಘಣ್ಣ? ಸ್ಟಾರ್ ವಾರ್ಸ್‌ನ ಚಕ್ರವರ್ತಿ ಪಾಲ್ಪಟೀನ್. 1983ರಲ್ಲಿ ಡಾರ್ತ್ ವೇಡರ್ ಅವನನ್ನು ಎತ್ತಿ, ತಳವಿಲ್ಲದ ಬಾವಿಯಂಥ ಸುರಂಗಕ್ಕೆ ಎಸೆದ. ಬಿದ್ದವನು ಕೆಳಗೆ ಸಿಡಿದ. ಸ್ವಲ್ಪ ಹೊತ್ತಿಗೆ ಆ ಸುರಂಗವಿದ್ದ ಯುದ್ಧಗ್ರಹವೇ ಸಿಡಿದುಹೋಯಿತು. ಸ್ವಂತ ಮಗನಿಗಾಗಿ ವೇಡರ್ ಪ್ರಾಣ ಕೊಟ್ಟು ಮಾಡಿದ ಕೆಲಸ ಅದು. 36 ವರ್ಷ ಪ್ರೇಕ್ಷಕರು ನೆಮ್ಮದಿಯಿಂದಿದ್ದರು. 2019ರಲ್ಲಿ ಪಾಲ್ಪಟೀನ್ ಹಾಜರು! ಹೇಗೆ ಬಂದ? ಒಬ್ಬ ಪೈಲಟ್ ಬೇಸರದ ಮುಖ ಮಾಡಿಕೊಂಡು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ: ಹೇಗೋ ಏನೋ, ಬಂದಿದ್ದಾನೆ."

"ಅಷ್ಟೇಯೇ?" ಎಂದರು ವಿಮಲಕ್ಕ.

"ಆಮೇಲೆ ಕತ್ತಲ ವಿಜ್ಞಾನ, ತದ್ರೂಪು ಸೃಷ್ಟಿ ಎಂದು ಇನ್ನೊಬ್ಬ ಗೊಣಗುತ್ತಾನೆ. ಅಷ್ಟೇ. ಚಿತ್ರಗುಪ್ತ ಷರಾ ಕಾಲಂನಲ್ಲಿ ಏನು ಬರೆಯಬೇಕು? ಹೇಗೋ ಏನೋ ಎಂದು ಬರೆದರೆ ಆಡಿಟ್ಟಿನವರು ಬಿಡುತ್ತಾರೆಯೇ?"

"ಬಿಡುವುದೇ ಇಲ್ಲ" ಎಂದರು ರಾಘಣ್ಣ. ಅವರ ದನಿಯಲ್ಲಿ ಹಳೆಯ ಗಾಯ. "ನನ್ನ ಪಾಡು ಕೇಳು. ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡುತ್ತೇನೆ. ಒಂದು ವರ್ಷ ಅವರು ಅದನ್ನು ಎಲ್ಲೋ ಕಳೆದರು. ಪಿಂಚಣಿ ನಿಂತಿತು. ಖುದ್ದಾಗಿ ಹೋಗಿ ಮುಂದೆ ನಿಂತೆ. ಗುಮಾಸ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಾರ್, ನೀವು ಬಂದಿದ್ದೀರಿ, ಅದು ಸರಿ, ಆದರೆ ನೀವು ಬದುಕಿರುವುದಕ್ಕೆ ಕಡತದಲ್ಲಿ ಆಧಾರವಿಲ್ಲ ಎಂದ."

"ಆಮೇಲೆ?"

"ಆಮೇಲೆ ಏನು? ಪತ್ರಾಂಕಿತ ಅಧಿಕಾರಿಯ ಸಹಿ, ಬೆರಳಚ್ಚು, ಅರ್ಜಿ, ಅರ್ಜಿಗೆ ಜ್ಞಾಪನ. ಕಡತದಲ್ಲಿ ಒಮ್ಮೆ ಸತ್ತವನನ್ನು ಎಬ್ಬಿಸುವುದು ಶುಕ್ರಾಚಾರ್ಯರಿಂದಲೂ ಆಗುವುದಿಲ್ಲ."

"ಕೇಳಿದೆಯಾ ಸೀನು? ಸಾಯದ ರಾಘಣ್ಣನಿಗೆ ಬದುಕಲು ಇಷ್ಟು ದಾಖಲೆ. ಸಿಡಿದು ಚೂರಾದ ಪಾಲ್ಪಟೀನನಿಗೆ ಒಂದು ಮುದ್ರೆಯೂ ಬೇಕಾಗಲಿಲ್ಲ."

ಸೀನು ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. "ಡಾಕ್ಟರ್ ಹೂ ಧಾರಾವಾಹಿ 1963ರಲ್ಲಿ ಶುರುವಾದದ್ದು. ಅದರ ನಾಯಕ ಸಾಯುವ ಹೊತ್ತಿಗೆಲ್ಲ ಹೊಸ ಮುಖ ಪಡೆಯುತ್ತಾನೆ. ಅದನ್ನು ಮಾತ್ರ ನೀನು ಕಣ್ಣು ಮಿಟುಕಿಸದೆ ನೋಡುತ್ತೀಯೆ."

"ಅದು ಪ್ರಾಮಾಣಿಕ ಲೆಕ್ಕ ಕಣೋ. 1966ರಲ್ಲಿ ನಟ ವಿಲಿಯಂ ಹಾರ್ಟ್‌ನೆಲ್‌ಗೆ ಆರೋಗ್ಯ ಕೈಕೊಟ್ಟಿತು. ಕಾರ್ಯಕ್ರಮ ನಿಲ್ಲಿಸುವ ಬದಲು ಪಾತ್ರವನ್ನೇ ಪ್ಯಾಟ್ರಿಕ್ ಟ್ರೌಟನ್‌ಗೆ ಚಾರ್ಜ್ ಕೊಟ್ಟು ಕಳಿಸಿದರು. ಹಳಬ ಹೋದ, ಹೊಸಬ ಬಂದ. ಹೋದವನಿಗಾಗಿ ಅಳುವ ಹಕ್ಕು ನಮಗೆ ಉಳಿಯಿತು. ಇಂದಿನ ಚಿತ್ರಗಳಲ್ಲಿ ಆ ಹಕ್ಕೂ ಇಲ್ಲ. ಗೇಮ್ ಆಫ್ ಥ್ರೋನ್ಸ್‌ನ ಜಾನ್ ಸ್ನೋ ನೆನಪಿದೆಯೇ? 2015ರಲ್ಲಿ ಸ್ವಂತ ಪಡೆಯವರೇ ಇರಿದು ಹಿಮದ ಮೇಲೆ ಕೆಡವಿದರು. ಮುಂದಿನ ಭಾಗ ಬರುವವರೆಗೆ ಲೋಕಕ್ಕೆಲ್ಲ ಒಂದೇ ಚಿಂತೆ."

"ಅವನ ಆತ್ಮಕ್ಕೆ ಶಾಂತಿ ಸಿಕ್ಕಿತೇ ಎಂದೇ?" ಎಂದರು ವಿಮಲಕ್ಕ.

"ಅಲ್ಲ, ಆ ನಟ ಕ್ಷೌರ ಮಾಡಿಸಿದನೇ ಎಂದು. ಅವನು ಸಿಕ್ಕಸಿಕ್ಕಲ್ಲಿ, ನಾನು ಸತ್ತಿದ್ದೇನೆ, ಮತ್ತೆ ಬರುವುದಿಲ್ಲ ಎನ್ನುತ್ತಿದ್ದ. ಗುಂಗುರು ಕೂದಲು ಮಾತ್ರ ಉದ್ದವಾಗಿಯೇ ಇತ್ತು. ಸಾಕ್ಷ್ಯಕ್ಕೆ ಅದೇ ಸಾಕಾಯಿತು. ಸಾವು ಬದುಕಿನ ತೀರ್ಮಾನ ಯಮಲೋಕದಿಂದ ಕ್ಷೌರದಂಗಡಿಗೆ ವರ್ಗವಾದದ್ದು ಆಗಲೇ."

ಸೀನುವಿಗೂ ನಗು ತಡೆಯಲಾಗಲಿಲ್ಲ.

"ಅದೇ ಕಥೆಯ ನೆಡ್ ಸ್ಟಾರ್ಕನನ್ನು ನೋಡು. 2011ರಲ್ಲಿ, ಮೊದಲ ಭಾಗದ ಒಂಬತ್ತನೆಯ ಕಂತಿನಲ್ಲಿ, ನಾಯಕನೆಂದು ನಾವೆಲ್ಲ ನಂಬಿದ್ದವನ ತಲೆ ಕಡಿದರು. ಇವತ್ತಿಗೂ ಸತ್ತೇ ಇದ್ದಾನೆ, ಪುಣ್ಯಾತ್ಮ. ಆ ಒಂದು ಸಾವಿಗೆ ಎಷ್ಟು ಬೆಲೆ ಎಂದರೆ, ಆಮೇಲೆ ಯಾರು ಬಾಗಿಲು ತಟ್ಟಿದರೂ ಎದೆ ಹೊಡೆದುಕೊಳ್ಳುತ್ತಿತ್ತು."

ವಿಮಲಕ್ಕ ಬೆರಳಿನಿಂದ ತಟ್ಟೆಯ ಅಂಚಿನ ಕೊಬ್ಬರಿ ತುರಿಯನ್ನು ಗುಡ್ಡೆ ಮಾಡುತ್ತಿದ್ದರು. "ಪಾತ್ರಗಳ ಮಾತು ಬಿಡು. ಮನುಷ್ಯರನ್ನೇ ಎಬ್ಬಿಸುತ್ತಾರಲ್ಲ, ಅದಕ್ಕೇನು ಹೇಳುತ್ತೀಯೆ?"

"ಪೀಟರ್ ಕುಶಿಂಗ್" ಎಂದ ಸೀನು ಕೂಡಲೇ. "1994ರಲ್ಲಿ ತೀರಿಕೊಂಡರು. 2016ರ ಡಿಸೆಂಬರಿನಲ್ಲಿ ಬಂದ ರೋಗ್ ಒನ್ ಚಿತ್ರದಲ್ಲಿ ಇನ್ನೊಬ್ಬ ನಟನಿಂದ ಅಭಿನಯ ಮಾಡಿಸಿ, ಅವನ ಮುಖದ ಮೇಲೆ ಕಂಪ್ಯೂಟರಿನಲ್ಲಿ ಇವರ ಮುಖ ಕೂರಿಸಿದರು."

"ಕುಶಿಂಗ್ ಯಾರೋ ನನಗೆ ಗೊತ್ತಿಲ್ಲ. ನಾನು ಹೇಳಿದ್ದು ವಿಷ್ಣುವರ್ಧನರ ಮಾತು. ಅದೇ 2016, ಅಕ್ಟೋಬರಿನಲ್ಲಿ ನಾಗರಹಾವು ಬಂತಲ್ಲ. ಪುಟ್ಟಣ್ಣನವರದ್ದಲ್ಲ, ಹೊಸದು, ಕೋಡಿ ರಾಮಕೃಷ್ಣ ಅವರದ್ದು."

"ಹೌದಲ್ಲವೇ!" ನಾಣಿ ಎದ್ದು ಕುಳಿತ. "ರೋಗ್ ಒನ್‌ಗಿಂತ ಎರಡು ತಿಂಗಳು ಮೊದಲೇ ನಮ್ಮವರು ಅದೇ ಕೆಲಸ ಮಾಡಿದ್ದಾರೆ."

"ಮೊದಲ ದಿನವೇ ಹೋಗಿದ್ದೆ" ಎಂದರು ವಿಮಲಕ್ಕ. "ಅವರು ಹೋಗಿ ಆಗಲೇ ಏಳು ವರ್ಷದ ಹತ್ತಿರ. 1972ರ ರಾಮಾಚಾರಿಯನ್ನು ಅಮ್ಮನ ತೊಡೆಯ ಮೇಲೆ ಕುಳಿತು ನೋಡಿದವಳು ನಾನು. ಪರದೆಯ ಮೇಲೆ ಮುಖ ಬಂದೊಡನೆ ಚಿತ್ರಮಂದಿರವೇ ಎದ್ದು ನಿಂತಿತು, ಶಿಳ್ಳೆ, ಆರತಿ. ನಾನೂ ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದೆ. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಸಂಕಟವಾಯಿತು. ಮುಖವೆಲ್ಲ ಅವರದೇ, ಕಣ್ಣು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಅವರು ಸತ್ತ ದಿನ ಟಿ.ವಿ. ಮುಂದೆ ಅತ್ತದ್ದಕ್ಕಿಂತ ಅಂದು ಹೆಚ್ಚು ಅಳು ಬಂತು."

ಸೀನು ಬಾಯಿ ತೆರೆದು ಮುಚ್ಚಿದ. ರಾಘಣ್ಣ ಪತ್ರಿಕೆಯ ಪುಟ ಮಡಿಸಿದರು.

"ಆದರೆ ನಾಣಿ" ಎಂದ ಸೀನು, ಈ ಸಲ ಮೆಲ್ಲಗೆ, "ನೀನು ಬೈಯುವ ಅದೇ ಮಾರ್ವೆಲ್ ಚಾಡ್ವಿಕ್ ಬೋಸ್‌ಮನ್ ವಿಷಯದಲ್ಲಿ ಹಾಗೆ ಮಾಡಲಿಲ್ಲ. 2020ರಲ್ಲಿ ಆತ 43ನೆಯ ವಯಸ್ಸಿಗೇ ಹೋದ. 2022ರ ಬ್ಲ್ಯಾಕ್ ಪ್ಯಾಂಥರ್ ಚಿತ್ರದಲ್ಲಿ ಅವನು ಮಾಡುತ್ತಿದ್ದ ರಾಜನ ಪಾತ್ರಕ್ಕೆ ಬೇರೆ ನಟನನ್ನು ಹಾಕಲಿಲ್ಲ, ಕಂಪ್ಯೂಟರಿನಲ್ಲೂ ಎಬ್ಬಿಸಲಿಲ್ಲ. ಮೊದಲ ದೃಶ್ಯದಲ್ಲೇ ರಾಜ ತೀರಿಕೊಂಡ, ತಂಗಿ ಔಷಧ ತಯಾರಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಆಮೇಲೆ ಕಂಪನಿಯ ಲಾಂಛನ ಬರುವಾಗ ಬರೀ ಅವನ ಚಿತ್ರಗಳು, ಸಂಗೀತವೇ ಇಲ್ಲ."

"ಅದನ್ನು ಒಪ್ಪುತ್ತೇನೆ" ಎಂದ ನಾಣಿ. "ಅವರಿಗೆ ಗೊತ್ತಿಲ್ಲ ಎಂದಲ್ಲ ನನ್ನ ಸಿಟ್ಟು. ಗೊತ್ತಿದೆ ಎಂಬುದೇ ಸಿಟ್ಟು. ಒಬ್ಬನನ್ನು ಹೇಗೆ ಕಳಿಸಿಕೊಡಬೇಕು ಎಂದು ಬಲ್ಲವರು, ಉಳಿದವರನ್ನು ಎದುರಿನ ಬಾಗಿಲಿನಿಂದ ಹೊತ್ತುಕೊಂಡು ಹೋಗಿ ಹಿತ್ತಲಿನಿಂದ ಒಳಗೆ ಬಿಡುತ್ತಾರೆ. ಹೊಗೆಸೊಪ್ಪು ವ್ಯಾಪಾರಿಗೂ ಇಷ್ಟು ಧೈರ್ಯವಿಲ್ಲ."

"ಅದಿರಲಿ" ಎಂದರು ರಾಘಣ್ಣ. "ಆ ತಲೆ ಕಡಿಸಿಕೊಂಡ ಪುಣ್ಯಾತ್ಮನ ಕಥೆ ನನಗೂ ನೋಡಬೇಕೆನಿಸಿದೆ. ಒಟ್ಟು ಎಷ್ಟು ಕಂತು?"

"73" ಎಂದ ಸೀನು ಉತ್ಸಾಹದಿಂದ. "ಎಂಟು ಭಾಗ. ಒಂದೊಂದು ಕಂತು ಹತ್ತಿರ ಹತ್ತಿರ ಒಂದು ಗಂಟೆ."

"ಕೊನೆಯ ಭಾಗ ಬಿಟ್ಟುಬಿಡಿ" ಎಂದ ನಾಣಿ. "67ಕ್ಕೆ ನಿಲ್ಲಿಸಿ."

"ಅರ್ಧಕ್ಕೆ ನಿಲ್ಲಿಸಿ ಅಭ್ಯಾಸವಿಲ್ಲವಯ್ಯ. ದಿನಕ್ಕೊಂದರಂತೆ ನೋಡುವ ಕಣ್ಣೂ ನನಗಿಲ್ಲ, ವಾರಕ್ಕೆ ಒಂದು. ಅಂದರೆ ಒಂದೂವರೆ ವರ್ಷದ ಹತ್ತಿರವಾಯಿತು." ರಾಘಣ್ಣ ಬೆರಳು ಮಡಿಸಿ ಎಣಿಸಿದರು. "ನಡುವೆ ಒಂದು ನವೆಂಬರ್ ಅಂತೂ ಬರುತ್ತದೆ. ಮುಗಿಯುವವರೆಗೆ ನಾನು ಇರಬೇಕಲ್ಲ?"

"ಇರುತ್ತೀರಿ ಬಿಡಿ" ಎಂದರು ವಿಮಲಕ್ಕ ಖಾಲಿ ತಟ್ಟೆಗಳನ್ನು ಎತ್ತಿಕೊಳ್ಳುತ್ತ. "ಹೇಗೋ ಏನೋ."