ಮೆಷೀನ್ ಹೆಡ್ ಎಲ್‌ಪಿ: ಹಳೇದಾ, ಹೊಸದಾ, ಸಿಡಿ ಸಾಕಾ? ಅನುಭವ ಇದ್ದವರು ಹೇಳಿ

ವಿಜಯನಗರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಮುಂದಿನ ತಿಂಗಳು 68 ತುಂಬುತ್ತೆ. ಕಾಲೇಜಿನಲ್ಲಿದ್ದಾಗ ಡೀಪ್ ಪರ್ಪಲ್ ರಾಕ್ ಬ್ಯಾಂಡ್‌ನ ಮೆಷೀನ್ ಹೆಡ್ ಆಲ್ಬಮ್ ಅನ್ನು ಸ್ನೇಹಿತರ ರೂಮಿನಲ್ಲಿ ಕೂತು ಕೇಳುತ್ತಿದ್ದರಂತೆ. ಈಗಲೂ ಮಾತು ಬಂದರೆ ಅದೇ ಹೇಳುತ್ತಾರೆ. ಆ ರೆಕಾರ್ಡನ್ನೇ ಹುಟ್ಟುಹಬ್ಬಕ್ಕೆ ಕೊಡೋಣ ಅಂತಿದ್ದೇನೆ. ಬಜೆಟ್ 8,000 ರೂಪಾಯಿ. ಅಟ್ಟದ ಮೇಲೆ ಹಳೇ ಪೆಟ್ಟಿಗೆ ಪ್ಲೇಯರ್ ಇದೆ, ತಟ್ಟೆ ತಿರುಗುತ್ತೆ, ಮುಳ್ಳು ಹೋಗಿದೆ. ಮನೆ ಚಿಕ್ಕದು, ಮಹಡಿ ಮೇಲೆ ಬಾಡಿಗೆಯವರಿದ್ದಾರೆ. ಅಪ್ಪನಿಗೆ ಬಲಗಿವಿ ಸ್ವಲ್ಪ ಮಂದ. ಆಗ ಇಂಡಿಯಾದಲ್ಲೇ ಒತ್ತಿದ ಹಳೇ ಎಲ್‌ಪಿ ಹುಡುಕಲಾ, ಹೊಸ ಎಲ್‌ಪಿ ತಗೊಳ್ಳಲಾ, ಇಲ್ಲಾ ಸಿಡಿ ಸಾಕಾ?

ಎಂಟನೇ ಕ್ರಾಸ್

ಹಳೇದೇ. ಬೇರೆ ಮಾತೇ ಬೇಡ.

ನನ್ನದು ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್‌ನಲ್ಲಿ ಸಿಕ್ಕಿದ್ದು. ದಮ್‌ದಮ್‌ನ ಗ್ರಾಮಫೋನ್ ಕಂಪನಿ ಒತ್ತಿದ ರೆಕಾರ್ಡ್. ಅವನು ಹೇಳಿದ್ದು 2,500, ನಾನು ಕೊಟ್ಟಿದ್ದು 1,700. ಕವರ್‌ನ ಬೆನ್ನು ಪೂರ್ತಿ ಬಿಟ್ಟುಕೊಂಡಿತ್ತು, ಒಂದು ಮೂಲೆ ಗೆದ್ದಲು ತಿಂದಿತ್ತು. ಹಿಂದೆ ಯಾರೋ ಬಾಲ್ ಪೆನ್ನಿನಲ್ಲಿ ಹಾಸ್ಟೆಲ್ ರೂಮ್ ನಂಬರ್ ಬರೆದಿದ್ದರು. ಅದನ್ನು ನಾನು ಅಳಿಸಿಲ್ಲ, ಅಳಿಸುವುದೂ ಇಲ್ಲ.

ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಜಾಡು ಹಿಡಿದೇ ಒರೆಸಬೇಕು, ಅಡ್ಡ ಒರೆಸಬಾರದು. ನಡುವಿನ ಲೇಬಲ್‌ಗೆ ನೀರು ಸೋಕಬಾರದು. ಬಟ್ಟೆ ಪೂರ್ತಿ ಕಪ್ಪಾಯಿತು. ಆಲ್ಕೊಹಾಲ್ 350, ಬ್ರಷ್ 900, ರೆಕಾರ್ಡ್ ಇಡುವ ಒಳಗಿನ ಹೊಸ ಕವರ್‌ಗಳು 600, ಹೊಸ ಸ್ಟೈಲಸ್ (ಮುಳ್ಳು) 2,800. ರೆಕಾರ್ಡೂ ಸೇರಿ 6,350. ಪೈಸೆಗೂ ಬೇಜಾರಿಲ್ಲ. ಮೊದಲ ಹಾಡು ಹೈವೇ ಸ್ಟಾರ್ ಶುರುವಾಗುವಾಗ ಬಾಸ್ ಗಿಟಾರ್ ಒಂದೇ ಸಮನೆ ಹೊಡೆದುಕೊಂಡು ಬರುತ್ತಲ್ಲ, ಅದು ಎದೆಗೇ ತಾಗುತ್ತೆ. ಸಿಡಿಯಲ್ಲಿ ಕಿವಿಗೆ ಬರುತ್ತೆ, ಅಷ್ಟೇ. ಸ್ಮೋಕ್ ಆನ್ ದ ವಾಟರ್ ಎರಡನೇ ಬದಿಯ ಮೊದಲ ಹಾಡು. ಅಲ್ಲಿಗೆ ಹೋಗಬೇಕಾದರೆ ಎದ್ದು ರೆಕಾರ್ಡ್ ತಿರುಗಿಸಲೇಬೇಕು. ಏಳು ಹಾಡನ್ನು ಒಂದೇ ಉಸಿರಿಗೆ ಕೇಳುವವರಿಗೆ ಈ ಆಲ್ಬಮ್ ಅರ್ಧ ಮಾತ್ರ ಸಿಕ್ಕಿದ ಹಾಗೆ.

ಸಿಡಿ ಸಾಕು

ಗೆದ್ದಲು ತಿಂದ ರೆಕಾರ್ಡ್‌ಗೆ 6,350 ಸುರಿದು ಬೇರೆಯವರಿಗೆ ಅರ್ಧ ಮಾತ್ರ ಸಿಕ್ಕಿತು ಅನ್ನುವುದು ಸರಿಯಲ್ಲ ಸಾರ್. ಮೇಡಂ, ಈ ದಾರಿಗೆ ದಯವಿಟ್ಟು ಹೋಗಬೇಡಿ. ನನಗಾದದ್ದು ಕೇಳಿ.

ನಾನು ತರಿಸಿದ್ದು ಹೊಸ ಎಲ್‌ಪಿ, ಹೊರದೇಶದಿಂದ. ರೆಕಾರ್ಡ್ 3,400, ಸಾಗಣೆ 1,900. ಬಂದ ಮೇಲೆ ಸುಂಕ ಅಂತ ಒಂದು ಚೀಟಿ, ಅದರ ಮೇಲೆ ಕೊರಿಯರ್‌ನವರ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇನ್ನೊಂದು ಚೀಟಿ, ಎರಡೂ ಸೇರಿ 1,480. ಒಟ್ಟು 6,780 ಆಯಿತು. ಬಿಚ್ಚಿ ನೋಡಿದರೆ ರೆಕಾರ್ಡ್ ಸೊಟ್ಟ! ತಟ್ಟೆ ಮೇಲೆ ಇಟ್ಟರೆ ಒಂದು ಕಡೆ ಏಳುತ್ತೆ, ಇನ್ನೊಂದು ಕಡೆ ಕೂರುತ್ತೆ. ಮೊದಲ ಹಾಡಿನಲ್ಲೇ ಮುಳ್ಳು ಹಾರಿ ಗಿಟಾರ್ ಸೋಲೋ ನಡುವೆ ಬೀಳುತ್ತಿತ್ತು. ಪಕ್ಕದಿಂದ ವಿಡಿಯೋ ತೆಗೆದು ಕಳಿಸಿದೆ. ಇಷ್ಟು ಬಾಗುವುದು ಸಹಜ ಅಂತ ಉತ್ತರ ಬಂತು. ಎಷ್ಟೋ ಮೇಲ್ ಬರೆದ ಮೇಲೆ ರೆಕಾರ್ಡ್‌ನ ಅರ್ಧ ಬೆಲೆ ವಾಪಸ್ ಬಂತು. ಸಾಗಣೆ, ಸುಂಕ ಎಲ್ಲ ನನ್ನ ತಲೆಗೇ.

ಆಮೇಲೆ 1997ರಲ್ಲಿ ಬಂದ ಇಪ್ಪತ್ತೈದನೇ ವರ್ಷದ ಸಿಡಿ ತಗೊಂಡೆ, ಸೆಕೆಂಡ್ ಹ್ಯಾಂಡ್, 900 ರೂಪಾಯಿ. ಎರಡು ಡಿಸ್ಕ್. ಒಂದರಲ್ಲಿ ಬಾಸ್ ನುಡಿಸಿದ ರೋಜರ್ ಗ್ಲೋವರ್ ಅವರೇ ಮಾಡಿದ ರೀಮಿಕ್ಸ್, ಅಂದರೆ ಅದೇ ರೆಕಾರ್ಡಿಂಗ್‌ನ ಸದ್ದುಗಳನ್ನು ಹೊಸದಾಗಿ ಬೆರೆಸಿದ್ದು. ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್ ಹಾಡೂ ಇದೆ. ನಿಮ್ಮ ಹಳೇ ರೆಕಾರ್ಡ್‌ನಲ್ಲಿ ಆ ಹಾಡೇ ಇಲ್ಲ. ಈಗ ಹೇಳಿ, ಅರ್ಧ ಸಿಕ್ಕಿದ್ದು ಯಾರಿಗೆ?

ಹ್ಯಾಮಂಡ್ ಭಕ್ತ

ರೀಮಿಕ್ಸ್ ಅನ್ನು ಮೆಷೀನ್ ಹೆಡ್ ಅನ್ನಬೇಡಿ. ತುಂಬ ನೋವಾಗುತ್ತೆ.

ಈ ಆಲ್ಬಮ್ ಹೇಗೆ ಹುಟ್ಟಿತು ಅನ್ನುವುದು ಗೊತ್ತಿದ್ದರೆ ಯಾರೂ ಅದನ್ನು ತೊಳೆದು ಹೊಳಪು ಕೊಡುವುದಕ್ಕೆ ಹೋಗುವುದಿಲ್ಲ. 1971ರ ಡಿಸೆಂಬರ್, ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರು. ಕಸಿನೋದಲ್ಲಿ ರೆಕಾರ್ಡಿಂಗ್ ಅಂತ ಮಾತಾಗಿತ್ತು. ಡಿಸೆಂಬರ್ 4ರಂದು ಅಲ್ಲಿ ರಾಕ್ ಸಂಗೀತಗಾರ ಫ್ರಾಂಕ್ ಜಪಾ ಕಾರ್ಯಕ್ರಮ ನಡೆಯುವಾಗ ಯಾರೋ ಚಾವಣಿಗೆ ಫ್ಲೇರ್ ಗನ್ (ಬೆಂಕಿ ಉಗುಳುವ ಸಿಗ್ನಲ್ ಪಿಸ್ತೂಲು) ಹಾರಿಸಿದರು, ಕಟ್ಟಡವೇ ಸುಟ್ಟುಹೋಯಿತು. ಹೊಗೆ ಸರೋವರದ ಮೇಲೆ ಹರಡಿತು, ಸ್ಮೋಕ್ ಆನ್ ದ ವಾಟರ್ ಹಾಡು ಬಂತು. ಆಮೇಲೆ ಒಂದು ಥಿಯೇಟರ್‌ಗೆ ಹೋದರು. ರಾತ್ರಿ ಗಲಾಟೆ ಅಂತ ಅಕ್ಕಪಕ್ಕದವರು ದೂರು ಕೊಟ್ಟು ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲ್ ಸಿಕ್ಕಿತು. ಕಾರಿಡಾರ್‌ನಲ್ಲಿ ಹಾಸಿಗೆಗಳನ್ನು ಒಡ್ಡಿ, ಹೊರಗೆ ನಿಲ್ಲಿಸಿದ ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ನವರ ಮೊಬೈಲ್ ಸ್ಟುಡಿಯೋ ಲಾರಿಗೆ ಕೇಬಲ್ ಎಳೆದು ರೆಕಾರ್ಡ್ ಮಾಡಿದರು. ನುಡಿಸಿದ್ದನ್ನು ಕೇಳಿ ನೋಡಬೇಕಾದರೆ ರೂಮು, ಬಾಲ್ಕನಿ ದಾಟಿ ಲಾರಿ ತನಕ ನಡೆಯಬೇಕು. ಸಾಕಾಗಿ ಕೇಳುವುದನ್ನೇ ಬಿಟ್ಟರು! ಆ ಒರಟುತನವೇ ಈ ಆಲ್ಬಮ್‌ನ ಜೀವ. ಎಂಜಿನಿಯರ್ ಮಾರ್ಟಿನ್ ಬರ್ಚ್ ಅದನ್ನು ಹಿಡಿದಿಟ್ಟಿದ್ದಾರೆ. ಬ್ಯಾಂಡ್‌ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ ಅನ್ನು ಗಿಟಾರಿನ ಮಾರ್ಷಲ್ ಆಂಪ್‌ಗೆ ಸಿಕ್ಕಿಸಿ ನುಡಿಸುತ್ತಿದ್ದರು. ಲೇಜಿ ಹಾಡಿನ ಮೊದಲ ನಿಮಿಷ ಕೇಳಿ, ಅಲ್ಲಿ ಗಿಟಾರೇ ಇಲ್ಲ. ಆದರೂ ಎಷ್ಟು ಸಿಟ್ಟಿದೆ ಆ ಸದ್ದಿನಲ್ಲಿ!

ಇನ್ನು ಬ್ಲೈಂಡ್ ಮ್ಯಾನ್ ಹಾಡನ್ನು ಆಲ್ಬಮ್‌ನಿಂದ ಬಿಟ್ಟಿದ್ದು ಅವರೇ. ನೆವರ್ ಬಿಫೋರ್ ಹಾಡಿನ ಸಿಂಗಲ್ (ಬಿಡಿ ಹಾಡಿನ ಚಿಕ್ಕ ರೆಕಾರ್ಡ್) ಹಿಂಬದಿಗೆ ಹಾಕಿದರು. ನಿಧಾನದ ಹಾಡು. ಇಲ್ಲಿಗೆ ಸೇರುವುದಿಲ್ಲ.

ಸಿಡಿ ಸಾಕು

ಸೇರುವುದಿಲ್ಲ ಅಂತ ನೀವು ತೀರ್ಮಾನ ಮಾಡಬೇಡಿ. ಗಾಯಕ ಇಯಾನ್ ಗಿಲ್ಲನ್ ಅಷ್ಟು ಮನಸ್ಸಿಟ್ಟು ಹಾಡಿದ್ದು ಆ ಏಳು ಹಾಡಿನಲ್ಲಿ ಒಂದೂ ಇಲ್ಲ. ಗಿಟಾರ್‌ನ ರಿಚಿ ಬ್ಲ್ಯಾಕ್‌ಮೋರ್‌ಗೆ ಇಷ್ಟವಿರಲಿಲ್ಲ ಅಂತ ಬಿಟ್ಟರು. ಅದೇ ಜನ ನೆವರ್ ಬಿಫೋರ್ ಹಿಟ್ ಆಗುತ್ತೆ ಅಂತ ಮೊದಲು ಸಿಂಗಲ್ ಮಾಡಿದ್ದು. ಸ್ಮೋಕ್ ಸಿಂಗಲ್ ಆಗಿದ್ದು 1973ರಲ್ಲಿ. ಅವರು ಆರಿಸಿದ್ದೆಲ್ಲ ಸರಿ ಅಂತ ಹೇಗೆ ಒಪ್ಪುವುದು?

ಯಶವಂತಪುರ ಡ್ರಮ್ಸ್

ಎರಡು ಪಾರ್ಟಿಯವರೂ ತಪ್ಪು. ತಗೊಂಡರೆ ಇದೇ ಬ್ಯಾಂಡ್‌ನ ಮೇಡ್ ಇನ್ ಜಪಾನ್ ಆಲ್ಬಮ್ ತಗೊಳ್ಳಿ. 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೊದಲ್ಲಿ ಲೈವ್ ರೆಕಾರ್ಡ್ ಮಾಡಿದ್ದು. ಸ್ಟುಡಿಯೋದಲ್ಲಿ ಸ್ಪೇಸ್ ಟ್ರಕಿನ್ ನಾಲ್ಕೂವರೆ ನಿಮಿಷ, ಅಲ್ಲಿ ಇಪ್ಪತ್ತು ನಿಮಿಷದ ಹತ್ತಿರ. ಡ್ರಮ್ಸ್‌ನ ಇಯಾನ್ ಪೇಸ್ ಅಂದರೆ ಯಾರು ಅಂತ ಅಲ್ಲಿ ಗೊತ್ತಾಗುತ್ತೆ.

ನಾನು ಸುಮ್ನೆ ಹೇಳುತ್ತಿಲ್ಲ. ಹೈವೇ ಸ್ಟಾರ್ ನುಡಿಸಬೇಕು ಅಂತಲೇ ಡ್ರಮ್ಸ್ ತಗೊಂಡವನು ನಾನು. ಸೆಕೆಂಡ್ ಹ್ಯಾಂಡ್ ಕಿಟ್ 38,000. ಮಾರಿದವನು ಹೇಳದೇ ಇದ್ದ ಬಿರುಕು ಕ್ರ್ಯಾಶ್ ಸಿಂಬಲ್‌ನಲ್ಲಿತ್ತು, ಹೊಸದಕ್ಕೆ 9,500. ಸ್ನೇರ್‌ನ ಚರ್ಮ 1,400. ಮನೆಯಲ್ಲಿ ಬಾರಿಸಿದರೆ ಓನರ್ ಮೇಲೆ ಬರುತ್ತಾರೆ, ಹಾಗಾಗಿ ಜ್ಯಾಮ್ ರೂಮ್, ಗಂಟೆಗೆ 400. ಪೀಣ್ಯ ಕಡೆಯ ಟ್ರಾಫಿಕ್‌ನಲ್ಲಿ ಗಿಟಾರ್‌ನವನು ಬರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತಿತ್ತು, ಅದಕ್ಕೂ ದುಡ್ಡು. ಎರಡು ಕಾಲೇಜ್ ಫೆಸ್ಟ್‌ನಲ್ಲಿ ನುಡಿಸಿದೆವು. ಒಂದರಲ್ಲಿ ಜನರೇಟರ್ ಕೈಕೊಟ್ಟು ಆರ್ಗನ್ ಸೋಲೋ ನಡುವೆ ಪೂರ್ತಿ ಕತ್ತಲು. ನಾನು ನಿಲ್ಲಿಸಲಿಲ್ಲ. ಡ್ರಮ್ಸ್‌ಗೆ ಕರೆಂಟ್ ಯಾಕೆ? ಕರೆಂಟ್ ಬರುವ ತನಕ ಒಬ್ಬನೇ ಬಾರಿಸಿದೆ, ಹುಡುಗರು ಚಪ್ಪಾಳೆ ತಟ್ಟುತ್ತಾ ತಾಳ ಹಿಡಿದಿದ್ದರು. ಕಿಟ್ ಈಗ ಇಲ್ಲ, 11,000ಕ್ಕೆ ಹೋಯಿತು. ಆದರೂ ಆ ರಾತ್ರಿ ನನ್ನದು.

2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡಿದವನು ನಾನು. ಈ ಸಂಗೀತ ಕೇಳಬೇಕಾದದ್ದು ನಿಂತುಕೊಂಡು, ಜನರ ನಡುವೆ. ಸೋಫಾದಲ್ಲಿ ಕೂತು ಸ್ಟೈಲಸ್ ಬೆಲೆ ಲೆಕ್ಕ ಹಾಕುತ್ತಾ ಅಲ್ಲ.

ಎಂಟನೇ ಕ್ರಾಸ್

ಸ್ವಾಮಿ, ಕೇಳಿದ್ದು ಯಾವ ಆಲ್ಬಮ್, ನೀವು ಹೇಳುತ್ತಿರುವುದು ಯಾವ ಆಲ್ಬಮ್? ಸ್ಟೈಲಸ್ ಬೆಲೆ ಬರೆದದ್ದು ಕೇಳಿದವರಿಗೆ ಉಪಯೋಗ ಆಗಲಿ ಅಂತ. ನಿಮ್ಮ ಸಿಂಬಲ್ ಬೆಲೆ ಕಟ್ಟಿಕೊಂಡು ಅವರೇನು ಮಾಡಬೇಕು?

ಲೆಡ್ ಬಸವನಗುಡಿ

ಇಷ್ಟೆಲ್ಲ ಗಲಾಟೆ ಮಾಡುವಷ್ಟು ದೊಡ್ಡ ಆಲ್ಬಮ್ಮಾ ಇದು? 1971ರ ನವೆಂಬರ್‌ನಲ್ಲೇ ಲೆಡ್ ಜೆಪ್ಲಿನ್ ಬ್ಯಾಂಡ್‌ನ ನಾಲ್ಕನೇ ಆಲ್ಬಮ್ ಬಂದಾಗಿತ್ತು. ಹ್ಯಾಮಂಡ್ ಸಾರ್ ಹೇಳಿದ ಅದೇ ಮೊಬೈಲ್ ಲಾರಿಯನ್ನು ಅವರೂ ಬಳಸಿದ್ದರು. ಅಲ್ಲಿ ಮ್ಯಾಂಡಲಿನ್ ಇದೆ, ಜಾನಪದ ಇದೆ, ಬ್ಲೂಸ್ ಇದೆ. ಇಲ್ಲಿ ಕಾರು, ರಾಕೆಟ್ಟು, ಬೆಂಕಿ. ಆಲ್ಬಮ್ ಚೆನ್ನಾಗಿಲ್ಲ ಅನ್ನುತ್ತಿಲ್ಲ. ಮೇಬಿ ಐಯಾಮ್ ಎ ಲಿಯೋ ಸಪ್ಪೆ, ನೆವರ್ ಬಿಫೋರ್ ಇನ್ನೂ ಸಪ್ಪೆ. ಏಳರಲ್ಲಿ ಎರಡು ಸಪ್ಪೆ ಅಂದರೆ ಮೇರುಕೃತಿ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಹ್ಯಾಮಂಡ್ ಭಕ್ತ

ಲಿಯೋ ಸಪ್ಪೆ ಅನ್ನುವವರು ಬಾಸ್ ಮತ್ತು ಡ್ರಮ್ಸ್ ಮಾತ್ರ ಹಿಡಿದು ಒಂದು ಸಲ ಕೇಳಬೇಕು. ಪೇಸ್ ತಾಳವನ್ನು ಹಿಂದಕ್ಕೆ ಎಳೆಯುತ್ತಾ ಹೋಗುತ್ತಾರೆ, ಅವಸರವೇ ಇಲ್ಲ. ಹೈವೇ ಸ್ಟಾರ್ ಓಟದ ನಂತರ ಅದು ಬೇಕೇ ಬೇಕು. ಪಿಕ್ಚರ್ಸ್ ಆಫ್ ಹೋಮ್ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲ. ಕೇಳಿದ್ದೀರಾ ಇಲ್ವಾ?

ಗಿಟಾರ್ ಮೇಷ್ಟ್ರು, ಜಯನಗರ

ಆಲ್ಬಮ್ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಸ್ಮೋಕ್ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅನ್ನು ಈ ಊರಿನಲ್ಲಿ ನೂರಕ್ಕೆ ತೊಂಬತ್ತು ಜನ ತಪ್ಪು ನುಡಿಸುತ್ತಾರೆ. ಪವರ್ ಕಾರ್ಡ್ ಹಿಡಿದು, ಪಿಕ್‌ನಲ್ಲಿ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಬಡಿಯುತ್ತಾರೆ. ಪವರ್ ಕಾರ್ಡ್ ಅಂದರೆ ಸ-ಪ ಅಂತರ. ಬ್ಲ್ಯಾಕ್‌ಮೋರ್ ನುಡಿಸುವುದು ಸ-ಮ ಅಂತರ. ಪಿಕ್ ಬಿಟ್ಟು, ಹೆಬ್ಬೆರಳು ತೋರುಬೆರಳಿನಲ್ಲಿ ಎರಡು ತಂತಿಯನ್ನು ಒಟ್ಟಿಗೆ ಮೀಟಬೇಕು. ಆಗ ಎರಡು ಸ್ವರವೂ ಒಂದೇ ಕ್ಷಣಕ್ಕೆ ಏಳುತ್ತವೆ. ಪಿಕ್‌ನಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲು ಇದನ್ನೇ ಬಿಡಿಸಿ ತಿದ್ದಬೇಕು, ಬೇರೆ ಕಡೆ ಸಾವಿರಾರು ರೂಪಾಯಿ ಫೀಸ್ ಕೊಟ್ಟು ತಪ್ಪು ಕಲಿತು ಬಂದಿರುತ್ತಾರೆ.

ಯಶವಂತಪುರ ಡ್ರಮ್ಸ್

ಮೇಷ್ಟ್ರೇ, ಬೇರೆಯವರ ಕ್ಲಾಸ್ ಬಗ್ಗೆ ಹಾಗೆ ಬರೆಯಬೇಡಿ. ನಮ್ಮ ಗಿಟಾರ್‌ನವನು ಪಿಕ್‌ನಲ್ಲೇ ನುಡಿಸುತ್ತಿದ್ದ, ಇಡೀ ಮೈದಾನ ಕುಣಿಯಿತು. ಸ-ಮ, ಸ-ಪ ಅಳೆಯುವುದಕ್ಕೆ ಯಾರೂ ಬಂದಿರಲಿಲ್ಲ.

ಗಿಟಾರ್ ಮೇಷ್ಟ್ರು, ಜಯನಗರ

ಮೈದಾನ ಕುಣಿದರೆ ಸ್ವರ ಸರಿ ಆಗುವುದಿಲ್ಲ. ಡ್ರಮ್ಸ್‌ನವರು ತಾಳ ನೋಡಿಕೊಳ್ಳಿ, ಸ್ವರದ ವಿಷಯ ನಮಗೆ ಬಿಡಿ.

ವಿಜಯನಗರದ ಮಗಳು

ಎಲ್ಲರಿಗೂ ಥ್ಯಾಂಕ್ಸ್. ತುಂಬ ವಿಷಯ ಗೊತ್ತಾಯಿತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಆ ಹಳೇ ಪೆಟ್ಟಿಗೆ ಪ್ಲೇಯರ್‌ಗೆ ಮುಳ್ಳು ಹಾಕಿಸಿ ಹೊಸ ಎಲ್‌ಪಿ ಹಾಕಬಹುದಾ?

ರಿಪೇರಿ ಅಂಗಡಿ

ಬೇಡಮ್ಮ. ಆ ಕಾಲದ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಡ್ಜ್ (ಮುಳ್ಳು ಕೂರಿಸುವ ಭಾಗ) ಇರುತ್ತೆ. ಮುಳ್ಳು ರೆಕಾರ್ಡ್ ಮೇಲೆ ಒತ್ತುವ ಭಾರ ನಾಲ್ಕೈದು ಗ್ರಾಂ, ಕೆಲವಕ್ಕೆ ಇನ್ನೂ ಜಾಸ್ತಿ. ಈಗಿನ ಕಾರ್ಟ್ರಿಡ್ಜ್‌ಗೆ ಎರಡು ಗ್ರಾಂ ಆಸುಪಾಸು ಸಾಕು. ಹೊಸ ರೆಕಾರ್ಡ್ ಅದರಲ್ಲಿ ಬೇಗ ಸವೆಯುತ್ತೆ. ಮುಳ್ಳು ಹಾಕಿಸಿ, ಆದರೆ ಅದರಲ್ಲಿ ಅಗ್ಗದ ಹಳೇ ರೆಕಾರ್ಡ್ ಮಾತ್ರ ಹಾಕಿ. ಕಾರ್ಟ್ರಿಡ್ಜ್ ಕೆಳಗೆ ನಂಬರ್ ಇರುತ್ತೆ, ಫೋಟೋ ಹಾಕಿ. ಅಪ್ಪನಿಗೆ ಒಂದು ಕಿವಿ ಮಂದ ಅಂದಿರಲ್ಲ, ಎಡಬಲ ಸೇರಿಸಿ ಮೋನೋ ಮಾಡುವ ಸ್ವಿಚ್ ಇರುವ ಆಂಪ್ ನೋಡಿ. ಇಲ್ಲದಿದ್ದರೆ ಒಂದು ಬದಿಯ ಸದ್ದು ಅವರಿಗೆ ಸರಿಯಾಗಿ ಸಿಗುವುದಿಲ್ಲ.

ಹ್ಯಾಮಂಡ್ ಭಕ್ತ

ಮೋನೋ ಮಾಡಿ ಕೇಳುವುದಾ! ಗಿಟಾರ್ ಒಂದು ಕಡೆ, ಆರ್ಗನ್ ಇನ್ನೊಂದು ಕಡೆ ನಿಂತು ಜಗಳ ಆಡುವುದೇ ಈ ಆಲ್ಬಮ್.

ರಿಪೇರಿ ಅಂಗಡಿ

ಒಂದು ಕಿವಿ ಕೇಳದವರಿಗೆ ಆ ಜಗಳದಲ್ಲಿ ಒಬ್ಬರೇ ಕೇಳಿಸುತ್ತಾರೆ ಸಾರ್. ಅಮ್ಮ, ಫೋಟೋ ಹಾಕಿ, ಮುಳ್ಳು ಯಾವುದು ಅಂತ ಹೇಳುತ್ತೇನೆ.

ಲೆಡ್ ಬಸವನಗುಡಿ

ಪಿಕ್ಚರ್ಸ್ ಆಫ್ ಹೋಮ್ ಕೇಳಿದ್ದೇನೆ, ಹ್ಯಾಮಂಡ್ ಸಾರ್. ನೀವು ಕೇಳುವುದಕ್ಕೆ ಮುಂಚಿನಿಂದಲೂ ಕೇಳುತ್ತಿದ್ದೇನೆ. ಅದರಲ್ಲಿ ಚೆನ್ನಾಗಿರುವುದು ಬಾಸ್ ಸೋಲೋ, ನಿಮ್ಮ ಆರ್ಗನ್ ಅಲ್ಲ.