ಪರಂಗಿ ಹಣ್ಣಿನ 'ಮಸ್ಕಿ' ರುಚಿಗೆ ಕನ್ನಡದಲ್ಲಿ ಏನಂತೀರಿ? ಬೋರ್ಡಿಗೆ ಬೇಕು, ತುರ್ತು

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಕತ್ತರಿಸಿದ ಹಣ್ಣು ಮಾರುವ ಅಂಗಡಿಯೊಂದಕ್ಕೆ ಬೋರ್ಡು ಮತ್ತು ಹಣ್ಣಿನ ಮುಂದೆ ಇಡುವ ಚೀಟಿಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾವು, ಹಲಸು, ಸೀಬೆ ಎಲ್ಲ ಮುಗಿದವು. ಪರಂಗಿ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿರುವುದು ಇಷ್ಟು: ಸ್ವೀಟ್, ಬಟರಿ, ಮಸ್ಕಿ. ಮೊದಲ ಎರಡು ಹೇಗೋ ಆಗುತ್ತವೆ. ಮೂರನೆಯದಕ್ಕೆ 'ಕಸ್ತೂರಿ ವಾಸನೆಯ' ಅಂತ ಬರೆದರೆ ಯಾರಿಗೂ ಪರಂಗಿ ನೆನಪಾಗುವುದಿಲ್ಲ, ಅಲ್ವಾ? ಕನ್ನಡ ಲಿಪಿಯಲ್ಲಿ 'ಮಸ್ಕಿ' ಅಂತಲೇ ಹಾಕಿದರೆ ರಾಯಚೂರು ಜಿಲ್ಲೆಯ ಊರಾಗುತ್ತದೆ. ಇನ್ನೊಂದು, ಹೆಸರು ಪರಂಗಿ ಅಂತ ಇರಲೋ, ಪಪ್ಪಾಯಿ ಅಂತ ಇರಲೋ? ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ದಯವಿಟ್ಟು ಬೇಗ ಹೇಳಿ.

ಉತ್ತರ, ಮೈಸೂರಿನಿಂದ

ಪರಂಗಿ ಅಂತಲೇ ಹಾಕಿ. ಪಪ್ಪಾಯಿ ಎರವಲು ಪದ. ನಮ್ಮದೇ ಪದ ಇರುವಾಗ ಅದು ಯಾಕೆ? ಕಸ್ತೂರಿ ಸಂಸ್ಕೃತದ್ದು, ಅದೂ ಬೇಡ. ಅದಕ್ಕೆ ಸಾಟಿಯಾಗಿ ಕನ್ನಡದಲ್ಲಿ ಪುನುಗು ಇದೆ. 'ಪುನುಗುಗಂಪಿನ ಪರಂಗಿ' ಅಂದರೆ ಓದಲಿಕ್ಕೂ ಚೆಂದ. ಬಟರಿಗೆ 'ಬೆಣ್ಣೆದಿರುಳು' ಅಂತ ಸಮಾಸ ಮಾಡಿ. ಹೊಸ ಪದ ಕಟ್ಟಲು ಹೆದರಬಾರದು.

ಉತ್ತರ, ಧಾರವಾಡದಿಂದ

ಪುನುಗು ಬೇಡ. ಅದು ದೇವರಿಗೆ ಹಚ್ಚುವ ದ್ರವ್ಯ. ತಿನ್ನುವ ವಸ್ತುವಿಗೆ ಯಾರೂ ಆ ಮಾತು ಬಳಸುವುದಿಲ್ಲ. 'ಸ್ವಲ್ಪ ಒಗರು' ಅಂತ ಬರೆದು ಮುಗಿಸಿ. ನಮ್ಮ ಕಡೆ ಎಲ್ಲರೂ ಅನ್ನುವುದು ಪಪ್ಪಾಯಿ. ಪರಂಗಿ ಅಂತ ಬರೆದರೆ ಇಲ್ಲಿ ಅರ್ಧ ಜನ ಮತ್ತೆ ಕೇಳುತ್ತಾರೆ.

ಉತ್ತರ, ಪುತ್ತೂರಿನಿಂದ

ಒಗರು ಖಂಡಿತ ಅಲ್ಲ. ಒಗರು ಅಂದರೆ ನಾಲಿಗೆ ಹಿಡಿಯುವ ರುಚಿ. ಎಳೆ ಅಡಿಕೆಯದು, ಬಾಳೆಕಾಯಿಯದು, ಗೇರುಹಣ್ಣಿನದು. ಮಾಗಿದ ಪರಂಗಿ ನಾಲಿಗೆ ಹಿಡಿಯುವುದೇ ಇಲ್ಲ. ಕೇಳಿದ್ದು ಮೂಗಿನ ವಿಷಯ. ಅದಕ್ಕೆ ನಾಲಿಗೆಯ ಪದ ತಂದು ಅಂಟಿಸಬೇಡಿ.

ಪದ ಆಮೇಲೆ ಹುಡುಕೋಣ. ಮೊದಲು ಒಂದು ಹಣ್ಣು ಕೊಯ್ಯಿರಿ. ಉದ್ದಕ್ಕೆ ಸೀಳಿ ಬೀಜ ಬಳಿದು ತೆಗೆದರೂ ಒಳಮೈಗೆ ಒಂದು ಬಿಳಿ ನಾರಿನ ತೆಳು ಪದರ ಅಂಟಿಕೊಂಡಿರುತ್ತದೆ. ಚಮಚದ ಅಂಚಿನಿಂದ ಅದನ್ನು ಪೂರ್ತಿ ಕೆರೆದು, ನಡುವಿನ ತಿರುಳಿನ ತುಂಡೊಂದನ್ನು ತಿನ್ನಿ. ಆ ಪದರ ಇರುವಲ್ಲಿಂದ ಇನ್ನೊಂದು ತುಂಡು ತಿನ್ನಿ. ಕೊನೆಗೆ ಸಿಪ್ಪೆಗೆ ತಾಗಿಕೊಂಡು ಹಸಿರು ಗೆರೆ ಉಳಿದಿರುತ್ತದಲ್ಲ, ಅಲ್ಲಿಯದು. ಮೂರರ ವಾಸನೆಯೂ ಬೇರೆ ಬೇರೆ. ನಡುವಿನ ತಿರುಳಿಗೆ ಹೂವಿನ ಕಡೆಯ ಒಂದು ಕಂಪು ಇದೆ. ಸಿಪ್ಪೆಯ ಹತ್ತಿರ ಹಾಲಿನ ಹಸಿವಾಸನೆ. ಬೀಜದ ಹತ್ತಿರ ಸಣ್ಣ ಘಾಟು. ಆ ಘಾಟು ಎಲ್ಲಿಂದ ಬಂತು ಅನ್ನುವವರು ಒಂದು ಬೀಜ ಕಚ್ಚಿ ನೋಡಿ. ಸಾಸಿವೆ ಖಾರ ಮೂಗಿಗೆ ಹತ್ತುತ್ತದೆ. ಸಾಸಿವೆಯ ಘಾಟಿಗೆ ಕಾರಣವಾದ ಐಸೋಥಯೋಸಯನೇಟ್ ಗುಂಪಿನ ವಸ್ತುವೇ ಇದರಲ್ಲೂ ಇದೆ. ಪರಂಗಿ, ಸಾಸಿವೆ, ನುಗ್ಗೆ ಮೂರೂ ಸಸ್ಯಶಾಸ್ತ್ರದಲ್ಲಿ ಒಂದೇ ಗಣದವು. ಒಣಗಿದ ಪರಂಗಿ ಬೀಜವನ್ನು ಕಾಳುಮೆಣಸಿಗೆ ಬೆರೆಸಿ ಮಾರುವ ಮೋಸ ನಡೆಯುವುದು ಸುಮ್ನೆ ಅಲ್ಲ. ನೋಡಲಿಕ್ಕೂ ಹಾಗೇ, ಕಚ್ಚಿದರೆ ಖಾರವೂ ಇದೆ.

ಈ ಮೂರನ್ನೂ ಇಂಗ್ಲಿಷಿನವರು 'ಮಸ್ಕಿ' ಅನ್ನುವ ಒಂದೇ ಮಾತಿನಲ್ಲಿ ಕಟ್ಟಿದ್ದಾರೆ. ಆ ಗಂಟನ್ನು ಹಾಗೇ ಹೊತ್ತು ತರುವ ಅಗತ್ಯ ನಮಗಿಲ್ಲ. ಕಂಪು, ಹಸಿವಾಸನೆ, ಘಾಟು, ಹಣ್ಣು ಕಳಿತು ಹೋದರೆ ಕಮಟು. ಅಡುಗೆಮನೆಯಲ್ಲಿ ದಿನಾ ಬಳಸುವ ಮಾತುಗಳು ಇಷ್ಟೊಂದಿವೆ. ಅಂಗಡಿಯವರು ಮಾರುವುದು ನಡುವಿನ ತಿರುಳು. ಹಾಗಾಗಿ ಚೀಟಿಯಲ್ಲಿ 'ಕಂಪು' ಇದ್ದರೆ ಸಾಕು. ಉಳಿದ ಎರಡು ವಾಸನೆ ಬರದ ಹಾಗೆ ಕೊಯ್ಯುವುದು ಅವರ ಕೆಲಸ. ಸಿಪ್ಪೆಯನ್ನು ಸ್ವಲ್ಪ ದಪ್ಪಕ್ಕೇ ಹೆರೆಯಲಿ, ಒಳಗಿನ ಪದರ ಕೆರೆಯಲಿ.

ತಳಿಯನ್ನೂ ಕೇಳಿಕೊಳ್ಳಿ. ಈಗ ಗಾಡಿಗಳಲ್ಲಿ ಬರುವುದು ಜಾಸ್ತಿ ರೆಡ್ ಲೇಡಿ, ತೈವಾನಿನ ತಳಿ. ಕೆಂಪು ತಿರುಳು, ಗಟ್ಟಿ, ದೂರದ ಸಾಗಾಟಕ್ಕೆ ತಡೆಯುತ್ತದೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ದು ಬೆಳೆಸಿದ ಕೂರ್ಗ್ ಹನಿ ಡ್ಯೂ ಹಳದಿ ತಿರುಳಿನದು. ನನ್ನ ಮಟ್ಟಿಗೆ 'ಬೆಣ್ಣೆ' ಅನ್ನುವ ಮಾತು ಸಲ್ಲುವುದು ಅದಕ್ಕೇ. ರೆಡ್ ಲೇಡಿಯನ್ನು ಬೆಣ್ಣೆ ಅಂದರೆ ತಿಂದವರು ಒಪ್ಪುವುದಿಲ್ಲ. 'ಬೆಣ್ಣೆದಿರುಳು' ಬೇಡ. 'ಬೆಣ್ಣೆಯಂಥ ತಿರುಳು' ಅಂತ ಬಿಡಿಸಿ ಬರೆದರೆ ಮಗುವಿಗೂ ತಿಳಿಯುತ್ತದೆ.

ಇನ್ನು ಚೀಟಿಯಲ್ಲಿ ಇರಲೇಬೇಕಾದ ಒಂದು ಮಾತನ್ನು ಅಂಗಡಿಯವರು ಬರೆದೇ ಇಲ್ಲ. ಅದು ನಿಂಬೆ. ಪರಂಗಿಯಲ್ಲಿ ಹುಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಾವಿನಲ್ಲಿ, ಅನಾನಸಿನಲ್ಲಿ ಸಿಹಿಯ ಹಿಂದೆ ಹುಳಿ ನಿಂತಿರುತ್ತದೆ. ಇದರಲ್ಲಿ ಸಿಹಿ ಒಂಟಿ. ಅದಕ್ಕೇ ಎಷ್ಟೋ ಜನ 'ಪರಂಗಿ ಚಪ್ಪೆ' ಅಂತ ದೂರ ಇಡುವುದು. ನಾಲ್ಕು ಹನಿ ನಿಂಬೆರಸ ಹಿಂಡಿ, ಚಿಟಿಕೆ ಉಪ್ಪು, ಆಗ ಕುಟ್ಟಿದ ಕಾಳುಮೆಣಸು ಉದುರಿಸಿ. ಅದೇ ಹಣ್ಣು ಬೇರೆಯಾಗುತ್ತದೆ. ತಂಪು ಮಾಡಿ ತಿಂದರೆ ಹಸಿವಾಸನೆಯೂ ಅಡಗುತ್ತದೆ. ಆ ಮರದ ತೌರು ಮೆಕ್ಸಿಕೊ ಕಡೆ. ಅಲ್ಲಿಯವರೂ ಲಿಂಬೆ, ಮೆಣಸಿನಪುಡಿ ಹಾಕಿಯೇ ತಿನ್ನುತ್ತಾರೆ. ದೋರೆಗಾಯಿಯಾದರೆ ಉಪ್ಪು, ಖಾರದ ಪುಡಿ ಸಾಕು, ಸಣ್ಣಗೆ ಕರುಂ ಕರುಂ ಅನ್ನುತ್ತದೆ. ಹಸಿ ಕಾಯಿ ನಮ್ಮ ಕಡೆ ಪಲ್ಯಕ್ಕೆ, ಹುಳಿಗೆ, ದೋಸೆಗೂ ಹೋಗುತ್ತದೆ. ಹೆಚ್ಚಿ ನೀರಿಗೆ ಹಾಕಿ ಹಾಲು ತೊಳೆಯಬೇಕು. ಮಾಂಸ ಬೇಗ ಬೇಯಲಿ ಅಂತ ಕಾಯಿ ಅರೆದು ಸವರುವುದೂ ಆ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವಕ್ಕಾಗಿ. ಬೇಕರಿ ಬನ್ನಿನಲ್ಲಿ ಸಿಗುವ ಟೂಟಿ ಫ್ರೂಟಿ ಕೂಡ ಬಹುಪಾಲು ಈ ಕಾಯಿಯೇ. ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕಟ್ಟಿದ್ದು.

ಹೆಸರಿಗೆ ಬರೋಣ. ಪರಂಗಿ ಎರವಲಲ್ಲ ಅಂದವರಿಗೆ ಒಂದು ಮಾತು. ಯುರೋಪಿನ ಫ್ರಾಂಕ್ ಜನರ ಹೆಸರು ಅರಬ್ಬಿ, ಪಾರಸಿ ದಾಟಿ ಬಂದು ನಮ್ಮಲ್ಲಿ ಫಿರಂಗಿ, ಪರಂಗಿ ಆಯಿತು. ತೋಪಿಗೆ ಫಿರಂಗಿ ಅನ್ನುವುದೂ ಅಲ್ಲಿಂದಲೇ. ಪಪ್ಪಾಯಿ ಎಂಬುದು ಕೆರಿಬಿಯನ್ ಕಡೆಯ ಮೂಲನಿವಾಸಿಗಳ ಮಾತು, ಸ್ಪ್ಯಾನಿಷ್, ಪೋರ್ಚುಗೀಸರ ಬಾಯಲ್ಲಿ ಇಲ್ಲಿಗೆ ಬಂತು. ಒಂದು ಆ ಮರದ ನೆರೆಯವರು ಕರೆದ ಹೆಸರು. ಇನ್ನೊಂದು ಹೊತ್ತು ತಂದವನ ಹೆಸರು. ಎರಡೂ ಹೊರಗಿನವೇ. ಇವುಗಳಲ್ಲಿ ಒಂದನ್ನು ಅಚ್ಚಗನ್ನಡ ಅಂತ ಎತ್ತಿ ಹಿಡಿಯಲು ಯಾವ ಆಧಾರವೂ ಇಲ್ಲ. ತುಳುನಾಡಿನಲ್ಲಿ ನಾವು ಬಪ್ಪಂಗಾಯಿ ಅನ್ನುತ್ತೇವೆ. ಅದು ಪಪ್ಪಾಯಿಯೇ, ನಮ್ಮ ನಾಲಿಗೆಗೆ ಒಗ್ಗಿದ ರೂಪ. ತಮಿಳಿನಲ್ಲಿ ಪರಂಗಿಕ್ಕಾಯಿ ಅಂದರೆ ಕುಂಬಳ. ಬೆಂಗಳೂರಿನ ಅಂಗಡಿಗೆ ಆ ಕಡೆಯವರೂ ಬರುತ್ತಾರೆ, ಅದೂ ನೆನಪಿರಲಿ.

ಉತ್ತರ, ಮೈಸೂರಿನಿಂದ

ಬೇರು ಎಲ್ಲಿಯದಾದರೂ ಇರಲಿ, ಪರಂಗಿ ಹಳ್ಳಿಯ ಬಾಯಲ್ಲಿ ಬೆಳೆದ ಪದ. ಪಪ್ಪಾಯಿಯನ್ನು ಈಗ ಜಾಹೀರಾತುಗಳು ತಂದು ತುರುಕುತ್ತಿವೆ. ಹೀಗೇ ಬಿಟ್ಟರೆ ಸೀಬೆ ಹೋಗಿ ಗ್ವಾವಾ ಬರುತ್ತದೆ, ದಾಳಿಂಬೆ ಹೋಗಿ ಪೋಮೊಗ್ರಾನೇಟ್ ಬರುತ್ತದೆ. ಬೋರ್ಡಿನಲ್ಲಿ ಸೋತರೆ ಮನೆಯಲ್ಲೂ ಸೋಲುತ್ತೇವೆ. ಪುನುಗಿನ ವಿಷಯ ಬಿಟ್ಟಿದ್ದೇನೆ. ಪರಂಗಿ ಬಿಡುವುದಿಲ್ಲ.

ಉತ್ತರ, ಪುತ್ತೂರಿನಿಂದ

ಗ್ವಾವಾ ಬೇಡ ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಧಾರವಾಡದವರ ಪಪ್ಪಾಯಿಯೂ ಹಳ್ಳಿಯ ಬಾಯಲ್ಲೇ ಬೆಳೆದದ್ದು. ಪೇರಲೆ, ಅನಾನಸು, ಬಟಾಟೆ ಪೋರ್ಚುಗೀಸರ ಮೂಲಕ ಬಂದವು. ಅವನ್ನು ಓಡಿಸಿ ಅಂತ ಯಾರೂ ಹೇಳುತ್ತಿಲ್ಲ. ಮೈಸೂರು ಸೀಮೆಯ ಪದ ಒಂದೇ ಕನ್ನಡ ಅನ್ನುವುದನ್ನು ಮಾತ್ರ ಒಪ್ಪಲಾರೆ.

ಉತ್ತರ, ಧಾರವಾಡದಿಂದ

ಒಗರು ಹಿಂದೆ ತೆಗೆದುಕೊಳ್ಳುತ್ತೇನೆ. ಪಪ್ಪಾಯಿ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು, ಬೆಂಗಳೂರಿನಿಂದ

ಎಲ್ಲರಿಗೂ ಧನ್ಯವಾದ. ಅಂಗಡಿಯವರ ಜೊತೆ ಮಾತಾಡಿದೆ. ಅವರು ತರಿಸುವುದು ರೆಡ್ ಲೇಡಿಯೇ, ಹಾಗಾಗಿ ಬೆಣ್ಣೆ ಕೈಬಿಟ್ಟೆ. ಎರಡೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಬರುತ್ತವೆ, ಅಂಗಡಿ ಇರುವುದು ಬೆಂಗಳೂರಿನಲ್ಲಾದ್ದರಿಂದ ಪರಂಗಿ ಮೊದಲು. ಪ್ರಿಂಟಿಗೆ ಹೋಗುತ್ತಿರುವ ಸಾಲು ಇದು:

'ಪರಂಗಿ / ಪಪ್ಪಾಯಿ. ಸಿಹಿ, ಮೆತ್ತನೆಯ ತಿರುಳು, ತನ್ನದೇ ಕಂಪು. ನಿಂಬೆರಸ, ಉಪ್ಪು, ಕಾಳುಮೆಣಸು ಬೇಕಾದರೆ ಕೇಳಿ.'

'ನಿಂಬೆ' ಸರಿಯೋ 'ಲಿಂಬೆ' ಸರಿಯೋ ಅಂತ ಚರ್ಚೆ ಶುರುವಾಗುವುದಾದರೆ ದಯವಿಟ್ಟು ಮಧ್ಯಾಹ್ನ ಮೂರರ ಒಳಗೆ ಹೇಳಿ.